ಸೇತುವೆಗೆ ಎರಡು ಲೆಕ್ಕ

ನಾರಿನ್ ನದಿಯ ಮೇಲಿನ ಆ ಸೇತುವೆಗೆ ಎರಡು ಲೆಕ್ಕವಿತ್ತು. ಒಂದು ಬುರುಲ್ಚಾ ಎಜೆಯ ಪೆನ್ಸಿಲ್ಲಿನದು. ಸೇತುವೆಯ ಈ ತುದಿಯ ಗೂಡಿನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕೂತು, ಹೋಗಿಬರುವ ಪ್ರತಿ ಗಾಡಿಗೂ ಒಂದು ಗೀಟು ಎಳೆಯುವುದು ಮೂವತ್ತು ವರ್ಷದಿಂದ ಆಕೆಯ ಕೆಲಸ. ಊರಿಗೆ ಊರೇ ಆಕೆಯನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿತ್ತು. ಇನ್ನೊಂದು ಲೆಕ್ಕ, ಕಳೆದ ಆಗಸ್ಟಿನಲ್ಲಿ ಎದುರು ಕಂಬಕ್ಕೆ ಬಂದು ಕೂತ ಬಿಳಿ ಕ್ಯಾಮೆರಾ ಡಬ್ಬಿಯದು. ಅದಕ್ಕೆ ಒಂದೇ ಕಣ್ಣು. ಚಹಾ ಕೇಳುವುದಿಲ್ಲ, ಮೊಣಕಾಲು ನೋವೆನ್ನುವುದಿಲ್ಲ, ದಾರಿಹೋಕರ ಜೊತೆ ಹರಟುವುದೂ ಇಲ್ಲ.

ಒಂದು ಕೆಲಸಕ್ಕೆ ಇಬ್ಬರು ಯಾಕೆ ಎಂಬ ಪ್ರಶ್ನೆ ರಸ್ತೆ ಕಚೇರಿಯ ಮುಖ್ಯಸ್ಥ ಶಾರ್ಶೆನ್‌ಗೆ ಹೊಳೆದದ್ದು ಮಾರ್ಚಿನಲ್ಲಿ. ಹೊಳೆದದ್ದೇ ತಡ, ಅಂಕಿಅಂಶ ನೋಡಿಕೊಳ್ಳುವ ಚೊಲ್ಪೊನಳನ್ನು ಕರೆಸಿದ.

"ಎರಡೂ ಕೋಷ್ಟಕ ಒಂದ್ಕಡೆ ಜೋಡಿಸಮ್ಮಾ. ಸೆಪ್ಟೆಂಬರಿಂದ ಫೆಬ್ರವರಿ ತನಕ. ಎಜೆ ಲೆಕ್ಕ ನೂರಕ್ಕೆ ಎರಡಕ್ಕಿಂತ ಜಾಸ್ತಿ ತಪ್ಪಿದ್ರೆ ಗೂಡಿಗೆ ಬೀಗ. ಮನೇಲಿ ಬೆಚ್ಚಗೆ ಕೂತ್ಕೊಳ್ಳಲಿ ಪಾಪ."

"ಪಿಂಚಣಿಗೆ ಇನ್ನೂ ಎರಡು ವರ್ಷ ಇದೆ, ಬಾಯ್ಕೆ," ಎಂದಳು ಚೊಲ್ಪೊನ್. ಆ ಊರಿನಲ್ಲಿ ಮೇಲಧಿಕಾರಿಯೂ ಅಣ್ಣನೇ, ಬಾಯ್ಕೆಯೇ.

"ಅದು ಸೇತುವೆಗೆ ಗೊತ್ತಿಲ್ವಲ್ಲ!" ಎಂದು ತನ್ನ ಮಾತಿಗೆ ತಾನೇ ನಕ್ಕ ಶಾರ್ಶೆನ್.

ಚೊಲ್ಪೊನಳ ಮೇಲೆ ಎಜೆಯ ಋಣವಿತ್ತು. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಬಸ್ಸು ತಪ್ಪಿಸಿಕೊಂಡು ಸೇತುವೆಯ ಮೇಲೆ ನಡುಗುತ್ತ ನಿಂತಿದ್ದವಳನ್ನು ಗೂಡಿನೊಳಕ್ಕೆ ಎಳೆದು, ಬಿಸಿ ಚಹಾ ಕೊಟ್ಟು, ಮಡಿಲ ತುಂಬ ಬೋರ್ಸೊಕ್ ಸುರಿದವಳು ಎಜೆ. ಆಮೇಲೂ ಎಷ್ಟೋ ಸಲ ಆ ಕರಿದ ಹಿಟ್ಟಿನ ತುಣುಕುಗಳೇ ಅವಳ ಮಧ್ಯಾಹ್ನದ ಊಟ. ಆದರೆ ಋಣ ಬೇರೆ, ಕೋಷ್ಟಕ ಬೇರೆ.

ಎಜೆಯ ಆರು ತಿಂಗಳ ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸಲು ನಾಲ್ಕು ದಿನ ಹಿಡಿಯಿತು. ಆಮೇಲೆ ಎರಡನ್ನೂ ಹೆಣೆದಳು. ದಿನದ ಒಂದೊಂದು ಗಂಟೆಗೂ ಒಂದು ಸಾಲು. ಎಡಕ್ಕೆ ಎಜೆ, ಬಲಕ್ಕೆ ಡಬ್ಬಿ, ಅಂಚಿನಲ್ಲಿ ವ್ಯತ್ಯಾಸ. ನಲವತ್ತೆರಡಕ್ಕೆ ನಲವತ್ತೆರಡು. ಐವತ್ತೇಳಕ್ಕೆ ಐವತ್ತೇಳು. ಪುಟಗಟ್ಟಲೆ ಅಂಚಿನಲ್ಲಿ ಬರೀ ಸೊನ್ನೆ. ಎಜೆ ಹರಟುತ್ತಾಳೆ, ತೂಕಡಿಸುತ್ತಾಳೆ ಎಂದು ಆಡಿಕೊಂಡವರ ಮುಖಕ್ಕೆ ಈ ಹಾಳೆ ಹಿಡಿಯಬೇಕು ಎಂದುಕೊಂಡು ಚೊಲ್ಪೊನ್ ಕುರ್ಚಿಯಲ್ಲೇ ಹಿಗ್ಗಿದಳು.

ಅಷ್ಟರಲ್ಲಿ ಸೆಪ್ಟೆಂಬರ್ ಇಪ್ಪತ್ತೆರಡು, ಬೆಳಿಗ್ಗೆ ಒಂಬತ್ತು ಎದುರಾಯಿತು. ಎಜೆ: ಹನ್ನೊಂದು. ಡಬ್ಬಿ: ಏಳುನೂರ ನಲವತ್ತಾರು. ಪುಸ್ತಕ ತೆರೆದು ನೋಡಿದರೆ ಎಜೆ ಪಕ್ಕದಲ್ಲೇ ಬರೆದಿದ್ದಳು: "ಅಸಾನನ ಕುರಿಗಳು ಬೆಟ್ಟದಿಂದ ಇಳಿದವು. ಕೊಬ್ಬಿವೆ." ಒಂದೊಂದು ಕುರಿಯನ್ನೂ ಡಬ್ಬಿ ಒಂದೊಂದು ಕಾರೆಂದು ಬಗೆದಿತ್ತು. ಚೊಲ್ಪೊನ್ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆ ನಗು ಬಹಳ ಹೊತ್ತು ಬಾಳಲಿಲ್ಲ. ಶನಿವಾರಗಳ ಮಧ್ಯಾಹ್ನ ಲೆಕ್ಕ ಎಜೆಯ ಕಡೆಯಿಂದಲೇ ಕುಸಿಯುತ್ತಿತ್ತು. ಒಂದು ಶನಿವಾರ ಎಂಬತ್ತನಾಲ್ಕು ಗಾಡಿ ಕಡಿಮೆ, ಮತ್ತೊಂದು ಶನಿವಾರ ನೂರ ಹತ್ತೊಂಬತ್ತು, ಮುಂದಿನದು ನೂರ ಐವತ್ತನಾಲ್ಕು. ಅಕ್ಟೋಬರಿನ ಒಂದು ಶನಿವಾರವಂತೂ ಇನ್ನೂರ ಎಂಬತ್ತೇಳು! ಒಟ್ಟು ಕೂಡಿದಾಗ ನೂರಕ್ಕೆ ಮೂರು ತಪ್ಪು. ಗೂಡಿಗೆ ಬೀಗ ಬಿದ್ದಂತೆಯೇ.

ಆ ನಾಲ್ಕಾರು ಸಾಲುಗಳನ್ನು ತಿದ್ದಿಬಿಟ್ಟರೆ? ಕೇಳುವವರು ಯಾರು? ಅವಳ ಬೆರಳು ಕೀಲಿಯ ಮೇಲೆ ಹೋಗಿಯೂ ಬಂತು. ಆದರೆ ತನ್ನ ಗೀಟಿಗೆ ಇನ್ನೊಬ್ಬರು ಕೈ ಹಚ್ಚಿದರೆಂದು ತಿಳಿದರೆ ಎಜೆ ಜನ್ಮದಲ್ಲಿ ಮುಖ ಕೊಟ್ಟು ಮಾತಾಡುವವಳಲ್ಲ. ಬೆರಳು ಹಿಂದಕ್ಕೆ ಬಂತು. ಸುಮ್ಮನೆ ಅದೇ ಅಂಕಿಗಳನ್ನು ದಿಟ್ಟಿಸುತ್ತ ಕೂತಳು. ಎಂಬತ್ತನಾಲ್ಕು ಅಂದರೆ ಹನ್ನೆರಡು ಏಳಲೆ. ನೂರ ಹತ್ತೊಂಬತ್ತು, ಹದಿನೇಳು ಏಳಲೆ. ಎಲ್ಲವೂ ಏಳರ ಮಗ್ಗಿ!

ಆ ಊರಿನಲ್ಲಿ ಹುಟ್ಟಿದ ಯಾರಿಗಾದರೂ ಮುಂದಿನದನ್ನು ಹೇಳಿಕೊಡಬೇಕಿಲ್ಲ. ಮದುವೆಯ ದಿನ ವಧೂವರರ ಮೆರವಣಿಗೆ ಏಳು ಸೇತುವೆ ದಾಟಬೇಕು. ಊರಿನಲ್ಲಿ ಇರುವುದು ಒಂದೇ ಸೇತುವೆ. ಹಾಗಾಗಿ ಅದನ್ನೇ ಏಳು ಸಲ ದಾಟಿ, ಏಳನೆಯ ಸಲಕ್ಕೆ ಆಚೆ ದಡದ ಛತ್ರಕ್ಕೆ ಊಟಕ್ಕೆ ಹೋಗುತ್ತಾರೆ.

ಆ ಮಗ್ಗಿ ಹೊಳೆದ ಮರುದಿನವೇ ಶನಿವಾರ. ಚೊಲ್ಪೊನ್ ಗೂಡಿಗೆ ಹೋಗಿ ಎಜೆಯ ಪಕ್ಕ ಕೂತಳು. ಒಂದು ಗಂಟೆಗೆ ಸರಿಯಾಗಿ, ರಿಬ್ಬನ್ನು ಕಟ್ಟಿದ ಕಾರುಗಳು ಹಾರ್ನ್ ಬಾರಿಸುತ್ತ ಬಂದವು. ಎಜೆ ಪೆನ್ಸಿಲ್ ಕೆಳಗಿಟ್ಟು, ಕನ್ನಡಕ ತೆಗೆದು, ಹೊರಗೆ ಬಂದು ಎರಡೂ ಅಂಗೈ ಎತ್ತಿ ಹರಸಿ ಮುಖ ಸವರಿಕೊಂಡಳು. ಏಳು ಸಲವೂ ಹಾಗೇ ನಿಂತಿದ್ದಳು.

"ಇವನ್ನೆಲ್ಲ ಬರ್ಕೊಳ್ಳಲ್ವಾ ಎಜೆ?"

"ಬುದ್ಧಿ ಇದೆಯೇನೇ ನಿಂಗೆ? ಮದುವೆ ದಿಬ್ಬಣ ಎಣಿಸ್ತಾರಾ? ದೃಷ್ಟಿ ಆಗಲ್ವಾ? ಕುರಿಮರಿ ಎಣಿಸೋಕೇ ಹಿಂದೆಮುಂದೆ ನೋಡ್ತೀವಿ. ಆ ಹುಡುಗಿ ಬಾಳಿ ಬದುಕ್ಬೇಕು."

"ಸರ್ಕಾರದ ಲೆಕ್ಕ ಎಜೆ ಇದು."

"ಸರ್ಕಾರ ಬೇಕಾದ್ರೆ ಕೂತು ಎಣಿಸ್ಲಿ. ನನ್ನ ಕೈಯಿಂದ ಆಗಲ್ಲ. ಮೂವತ್ತು ವರ್ಷದಲ್ಲಿ ಒಂದು ದಿಬ್ಬಣಾನೂ ಎಣಿಸಿಲ್ಲ." ಕನ್ನಡಕ ಹಾಕಿಕೊಂಡು ಮುಂದಿನ ಲಾರಿಗೆ ಗೀಟು ಎಳೆಯುತ್ತ, ದನಿ ತಗ್ಗಿಸಿ ಕೇಳಿದಳು, "ಗೂಡು ಮುಚ್ತಾರಂತೆ, ಹೌದಾ?"

ಚೊಲ್ಪೊನ್ ಬೋರ್ಸೊಕ್ ಬಾಯಿಗೆ ತುಂಬಿಕೊಂಡಳು.

ಸೋಮವಾರ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದಳು. ಶಾರ್ಶೆನ್ ಮೇಜು ಗುದ್ದಿದ.

"ಸಂಬಳ ತಗೊಂಡು ಎಣಿಸದೇ ಇರೋದಾ? ದೃಷ್ಟಿಯಂತೆ ದೃಷ್ಟಿ! ಯಾವ ಕಾಲದಲ್ಲಿದ್ದಾರೆ ಇವ್ರು? ಮುಚ್ಚು ಗೂಡು! ಬಿಟ್ಟಿದ್ದನ್ನೆಲ್ಲ ಡಬ್ಬಿ ನೋಡಿ ಸೇರಿಸ್ಬಿಡು, ಒಂದೊಂದಾಗಿ."

"ಆಗಲಿ ಬಾಯ್ಕೆ. ದೊಡ್ಡದ್ರಿಂದ ಶುರು ಮಾಡ್ಲಾ?" ಚೊಲ್ಪೊನ್ ಹಾಳೆ ತಿರುವಿದಳು. "ಅಕ್ಟೋಬರ್ ಐದು, ಶನಿವಾರ."

ಶಾರ್ಶೆನ್ ಗುದ್ದಿದ ಕೈಯನ್ನು ಮೇಜಿನಿಂದ ಹಿಂದಕ್ಕೆಳೆದುಕೊಂಡ. ಅಕ್ಟೋಬರ್ ಐದು ಅವನ ಹಿರಿಯ ಮಗನ ಮದುವೆ. ಜಿಲ್ಲೆಯಲ್ಲೇ ಅಷ್ಟುದ್ದದ ದಿಬ್ಬಣ ಯಾರೂ ನೋಡಿರಲಿಲ್ಲ. ಸೊಸೆ ಈಗ ಐದು ತಿಂಗಳ ಬಸುರಿ.

"ಆವತ್ತು ಎಜೆ ಏನು ಬರೆದಿದ್ದಾರೆ?"

"ಏನೂ ಇಲ್ಲ. ಎಣಿಸೇ ಇಲ್ಲ."

"ಒಂದನ್ನೂ?"

"ಒಂದನ್ನೂ. ಡಬ್ಬಿ ಮಾತ್ರ ಎಲ್ಲಾ ಎಣಿಸಿದೆ, ಬಾಯ್ಕೆ. ಮದುಮಗಳ ಕಾರೂ ಸೇರಿ ಒಟ್ಟು..."

"ಹೇಳ್ಬೇಡ!" ಶಾರ್ಶೆನ್ ಎರಡೂ ಕಿವಿ ಮುಚ್ಚಿಕೊಂಡ. ಕಚೇರಿಯ ಯಜಮಾನ, ಐವತ್ತೈದರ ಗಂಡಸು, ಸೂಜಿ ಕಂಡ ಮಗುವಿನ ಹಾಗೆ ಕಣ್ಣು ಕೂಡ ಮುಚ್ಚಿದ್ದ. ಆಮೇಲೆ ಒಂದು ಕೈ ಸಡಿಲಿಸಿ ಮೆಲ್ಲಗೆ ಕೇಳಿದ, "ಅಳಿಸೋಕಾಗುತ್ತಾ?"

"ನನ್ನ ಕೋಷ್ಟಕದಲ್ಲಿ ದಿಬ್ಬಣಗಳನ್ನ ಬದಿಗಿಡಬಹುದು. ಕುರಿಗಳನ್ನೂ. ಆಗ ಆರು ತಿಂಗಳಿಗೆ ಎಜೆಗೂ ಡಬ್ಬಿಗೂ ಇರೋ ವ್ಯತ್ಯಾಸ ಬರೀ ಒಂಬತ್ತು ಗಾಡಿ. ಆದ್ರೆ ಯಾವುದು ದಿಬ್ಬಣ, ಯಾವುದು ಕುರಿ ಅಂತ ಡಬ್ಬಿಗೆ ತಿಳಿಯಲ್ಲ. ಹೇಳೋಕೆ ಅಲ್ಲಿ ಯಾರಾದ್ರೂ ಕೂತಿರಬೇಕು."

ಶಾರ್ಶೆನ್ ಗಡ್ಡ ಕೆರೆದುಕೊಂಡ, ಕಿಟಕಿಯ ಹೊರಗೆ ನೋಡಿದ, ಕೆಮ್ಮಿದ. ಕೊನೆಗೆ ಕೋಷ್ಟಕಕ್ಕೆ ಇನ್ನೊಂದು ಕಲಂ ಸೇರಿತು. ಅದರಲ್ಲಿ ಅಂಕಿ ಬರೆಯುವಂತಿಲ್ಲ. ದಿಬ್ಬಣ ಬಂದರೆ ಎಜೆ ಒಂದು ಗುರುತು ಹಾಕಿದರೆ ಸಾಕು. ಗೂಡು ಉಳಿಯಿತು. ಎರಡು ವರ್ಷದ ಮಟ್ಟಿಗೆ ಎಂದು ಶಾರ್ಶೆನ್ ಗಟ್ಟಿಯಾಗಿಯೇ ಹೇಳಿದ, ತನ್ನ ಗತ್ತು ಉಳಿಯಬೇಕಲ್ಲ.

ಮೇ ತಿಂಗಳಲ್ಲಿ ಅವನ ಕಿರಿಯ ಮಗನ ಮದುವೆ. ಆ ಮಧ್ಯಾಹ್ನ ಚೊಲ್ಪೊನ್ ಗೂಡಿನಲ್ಲೇ ಇದ್ದಳು. ದಿಬ್ಬಣ ಸೇತುವೆಯ ಹತ್ತಿರ ಬರುತ್ತಲೇ ಮುಂದಿನ ಕಾರು ಗಕ್ಕನೆ ನಿಂತಿತು. ಹಿಂದೆ ಹಾರ್ನುಗಳ ಗದ್ದಲ. ಹೊಸ ಸೂಟು ತೊಟ್ಟ ಶಾರ್ಶೆನ್ ಇಳಿದು, ಕಂಬದ ಕೆಳಗಿನ ಕಲ್ಲುಕಟ್ಟೆ ಏರಿ, ತಲೆಯ ಮೇಲಿನ ಬಿಳಿ ಉಣ್ಣೆಯ ಟೋಪಿ ತೆಗೆದು, ಡಬ್ಬಿಯ ಒಂಟಿ ಕಣ್ಣು ಮುಚ್ಚುವ ಹಾಗೆ ನೇತುಹಾಕಿದ.

"ಬಿಗಿಯಾಗಿ ಹಾಕಪ್ಪಾ, ಗಾಳಿ ಇದೆ!" ಎಂದು ಎಜೆ ಈಚೆಯಿಂದ ಕೂಗಿದಳು. ಪೆನ್ಸಿಲ್ ಆಗಲೇ ಕೆಳಗಿಟ್ಟಿದ್ದಳು.

ಬೋಳು ತಲೆಯಲ್ಲೇ ಶಾರ್ಶೆನ್ ಸೇತುವೆಯನ್ನು ಏಳು ಸಲ ದಾಟಿದ. ಸೇತುವೆ ತುಂಬ ದಿಬ್ಬಣವೇ ಇದ್ದುದರಿಂದ ಬೇರೆ ಗಾಡಿಗಳೆಲ್ಲ ಎರಡೂ ದಡದಲ್ಲಿ ಕಾದು ನಿಂತವು. ಅವನು ಆಚೆ ದಡದಿಂದ ನಡೆದುಬಂದು ಟೋಪಿಯನ್ನು ಮರಳಿ ತಲೆಗೇರಿಸಿದ ಮೇಲೆ ಒಂದೊಂದಾಗಿ ದಾಟಿದವು. ಸೋಮವಾರ ಚೊಲ್ಪೊನ್ ಎರಡು ಲೆಕ್ಕವನ್ನೂ ಜೋಡಿಸಿದಳು. ಶನಿವಾರ, ಮಧ್ಯಾಹ್ನ ಒಂದರಿಂದ ಎರಡು. ಎಜೆ: ಮೂವತ್ತೆಂಟು. ಡಬ್ಬಿ: ಮೂವತ್ತೆಂಟು.