ಜೇಕಿನ ಮೂಲೆ

“ನೋಡ್ರಿ ಮಾವಾರ, ಈ ಮಗನ್ನ ನೋಡ್ರಿ. ಊರ ಬಾಜೂಕ ಯೂನಿವರ್ಸಿಟಿ ಬಂದ ಕುಂತೈತಿ, ಇವ ಎಂಟನೇತ್ತ ದಾಟಲಿಲ್ಲ. ಹುಲ್ಲ ಯಾವ್ದು, ಕಸ ಯಾವ್ದು ಅನ್ನೂದ ತಿಳಿಯೂದಿಲ್ಲ ಇವಂಗ. ಹೆಂಗ ತಿಳೀಬೇಕು? ಇವರಪ್ಪ ಹತ್ತ ಟ್ರ್ಯಾಕ್ಟರ್ ಕಸಾ ತಂದು ನನ್ನ ಅಂಗಳದಾಗ ಸುರುವಿ, ಮಣ್ಣ ಅಂತ ಹೇಳಿ ಹೋದ. ಮಗಾ ಕುಂತು ಅದನ್ನ ಜ್ವಾಕಿ ಮಾಡಾಕತ್ತಾನ.”

ಸಾವ್ಕಾರನ ಮಾತಿಗೆ ಹಾನಗಲ್ಲಿನಿಂದ ಬಂದಿದ್ದ ಅವನ ಬೀಗರು ನಕ್ಕರು. ಆರು ಪ್ಲಾಸ್ಟಿಕ್ ಕುರ್ಚಿ, ಆರು ತಾಟು ಮಿರ್ಚಿ ಮಂಡಕ್ಕಿ, ಆರು ಬಾಯಿ. ನಾನು ಅವರ ಕಾಲ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ಕುರ್ಚಗಿಯಿಂದ ಹುಲ್ಲಿನ ನಡುವಿನ ಕಸ ತೆಗೆಯುತ್ತಿದ್ದೆ. ಒಬ್ಬರು ನಗುತ್ತಲೇ ಎರಡೂ ಕಾಲೆತ್ತಿ ನನಗೆ ಜಾಗ ಮಾಡಿಕೊಟ್ಟರು, ನೆಲ ಒರೆಸುವವರಿಗೆ ಮಾಡಿಕೊಡುವ ಹಾಗೆ.

ನನ್ನನ್ನು ಬೈದಿದ್ದರೆ ನಡೆಯುತ್ತಿತ್ತು. ಎಂಟನೇತ್ತೆಗೆ ಸಾಲಿ ಬಿಟ್ಟದ್ದು ಖರೆ. ಆದರೆ ಅಪ್ಪನ ಹೆಸರು ಬಂದಾಗ ಎದ್ದು ನಿಂತೆ.

“ನಮ್ಮಪ್ಪ ಅಂಥಾ ಮನಷ್ಯಾ ಅಲ್ರಿ, ಸಾವ್ಕಾರ್ರ. ಅದು ಮಾವಿನ ಗಿಡದ ಬುಡದಾಗಿನ ಮಣ್ಣ. ಬಂಗಾರದಂಥಾ ಮಣ್ಣ.”

“ನೀ ನೋಡೀಯೇನು?”

ನೋಡಿರಲಿಲ್ಲ. ಅಪ್ಪ ಹೇಳಿದ್ದ, ಅಷ್ಟೇ.

“ಐತವಾರ ಹೊಲಕ್ಕ ಹೋಗಿ ನೋಡ್ಕೊಂಡ ಬರ್ತೇನಿ,” ಅಂದೆ.

“ಬಾ. ಬರೂ ಶುಕ್ರವಾರ ನಮ್ಮ ಕೂಸಿನ ತೊಟ್ಟಲಾ ಐತಿ, ಇವ್ರೆಲ್ಲಾ ಮತ್ತ ಬರ್ತಾರ. ಇವ್ರ ಮುಂದನ ಹೇಳು, ಎಲ್ಲಿ ಮಣ್ಣ ಅದು ಅಂತ. ಅಲ್ಲೀಮಟಾ ಬಗ್ಗು.”

ನಾನು ಬಗ್ಗಿದೆ.

ಹೀಗೆ ಬಗ್ಗುವುದಕ್ಕೆ ನಾನು ಆನಂದ ಸಾವ್ಕಾರನ ಮನೆಗೆ ಬಂದಿರಲಿಲ್ಲ. ಶಿಗ್ಗಾವಿಯಲ್ಲಿ ಅವನವು ಎರಡು ಜೆಸಿಬಿ ಇವೆ. ಹಿಂದಿನ ಎರಡು ವರ್ಷ ನಾನು ಹಿರೇಕೆರೂರು ಕಡೆ ಬೇರೆಯವರ ಗಾಡಿಗೆ ಹೆಲ್ಪರ್ ಆಗಿದ್ದೆ. ಗ್ರೀಸ್ ಹೊಡೆಯುವುದು, ಗಾಜು ಒರೆಸುವುದು, ಆಪರೇಟರ್ ಉಣ್ಣಲು ಇಳಿದಾಗ ಸೀಟಿನ ಮೇಲೆ ಹತ್ತಿ ಕೂರುವುದು. ಅಬಲೂರಿನಲ್ಲಿ ಒಂದು ಕೃಷಿಹೊಂಡದ ಕೊನೆಯ ಬದು ನಾನೇ ಕಟ್ಟಿದೆ. ಲೈಸೆನ್ಸೂ ಮಾಡಿಸಿಕೊಂಡೆ. ಬಕೀಟು ನೆಲಕ್ಕೆ ಕಚ್ಚಿದಾಗ ಕೈಗೆ ಬರುವ ಆ ನಡುಕ ಒಮ್ಮೆ ಹಿಡಿದರೆ ಬೇರೆ ಕೆಲಸಕ್ಕೆ ಮನಸ್ಸು ಬರುವುದಿಲ್ಲ.

ಈ ಬೇಸಿಗೆಯಲ್ಲಿ ಸಾವ್ಕಾರನ ಹೊಸ ಮನೆ ಮುಗಿಯಿತು. ಅಂಗಳದ ತುಂಬ ಬರೀ ಗರಸು, ಕಲ್ಲುಮಣ್ಣು. ಹುಲ್ಲು ಹಚ್ಚಬೇಕೆಂದರೆ ಹೊಲದ ಮಣ್ಣು ಬೇಕು. ಅವನ ಹೆಂಡತಿ ಮಲ್ಲಿಕಾ ಅಕ್ಕ, ನರ್ಸರಿಯವರೇ ಮಣ್ಣು ತಂದು ಹುಲ್ಲು ಹಚ್ಚಿ ಕೊಡುತ್ತಾರೆ, ಅವರಿಗೇ ಹೇಳ್ರಿ ಅಂದಿದ್ದರಂತೆ. ಸಾವ್ಕಾರ ಕೇಳಲಿಲ್ಲ. ಪುಕ್ಕಟೆ ಮಣ್ಣು ಹುಡುಕಿದ. ನಮ್ಮಪ್ಪ ಶಿದ್ಲಿಂಗಪ್ಪನಿಗೆ ಸುದ್ದಿ ಹತ್ತಿತು. ಗೊಟಗೋಡಿಯಲ್ಲಿ ನಮ್ಮದು ಎರಡು ಎಕರೆ. ಅಪ್ಪ ಹೋಗಿ, “ನನ್ನ ಹೊಲದ ಮಣ್ಣ ಒಯ್ರಿ, ರೊಕ್ಕ ಬ್ಯಾಡ. ನನ್ನ ಮಗನ್ನ ನಿಮ್ಮ ಗಾಡಿ ಮ್ಯಾಲೆ ಕುಂಡ್ರಸ್ರಿ” ಅಂದ. ಮಾತಾಯಿತು. ಬಾಜೂ ಹೊಲದವರ ಟ್ರ್ಯಾಕ್ಟರಿನಲ್ಲಿ ಹತ್ತು ಸಲ ಮಣ್ಣು ಬಂದು ಬಿತ್ತು. ಆಗ ನಾನು ಊರಲ್ಲಿರಲಿಲ್ಲ.

ನಾನು ಬಂದಾಗ ನರ್ಸರಿಯಿಂದ ತಂದ ಸಣ್ಣ ಹುಲ್ಲನ್ನು ಗೇಣಿಗೊಂದರಂತೆ ಹಚ್ಚಿ ಮುಗಿದಿತ್ತು. ಇಪ್ಪತ್ತು ದಿನಕ್ಕೆ ಅದರ ನಡುವೆ ಜೇಕು ಎದ್ದಿತು. ಹಚ್ಚಿದ ಹುಲ್ಲು ಬೆರಳಷ್ಟಿದ್ದರೆ ಇದು ಗೇಣುದ್ದ, ಮೂರು ಮೂಲೆಯ ದಂಟು, ಸೂಜಿಯಂಥ ತುದಿ, ಹಳದಿ ಹಸಿರು.

“ಇದನ್ನಷ್ಟು ಸ್ವಚ್ಛ ಮಾಡಿಬಿಡು,” ಅಂದ ಸಾವ್ಕಾರ. ಗಾಡಿಯ ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದ. “ಜೇಕು ಹೋದ ದಿನ ಕೀಲಿ ನಿನ್ನ ಕೈಯಾಗ.”

ಹದಿನೈದು ದಿನದ ಕೆಲಸ ಅಂದುಕೊಂಡೆ. ಮೂರು ತಿಂಗಳಾಯಿತು.

ಹುಲಗೂರಿನ ಹಾಜರಾಬಿ ವಾರಕ್ಕೆ ಮೂರು ದಿನ ಕಸ ತೆಗೆಯಲು ಬರುತ್ತಾಳೆ. ನನ್ನ ಅವ್ವನಿಗಿಂತ ದೊಡ್ಡವಳು. ಮೊದಲ ದಿನ ನಾನು ಹಿಡಿ ಹಿಡಿ ಕಿತ್ತು ಎಸೆಯುವುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

“ಕೀಳಬ್ಯಾಡೋ ಸುನ್ಯಾ. ಮ್ಯಾಲಿಂದ ಕಿತ್ರ ಕೆಳಗ ಗಡ್ಡಿ ಎಚ್ಚರಾಕ್ಕಾವು. ಒಂದ ಸತ್ರ ಹತ್ತ ಮಂದಿ ಮಣ್ಣಿಗೆ ಬರ್ತಾವು.”

“ಮತ್ತೇನ್ ಮಾಡ್ಲಿ ಬೂವಾ?”

ಅವಳು ಕುರ್ಚಗಿಯಿಂದ ಒಂದು ಗೇಣು ಆಳ ಬಗೆದು ಎಳೆದಳು. ದಾರಕ್ಕೆ ಪೋಣಿಸಿದ ಹಾಗೆ ಕರಿ ಗಡ್ಡೆಗಳು ಒಂದರ ಹಿಂದೊಂದು ಬಂದವು. “ನಮ್ಮ ತಸಬಿ ಸರಾ ಇದ್ದಂಗ ಐತಿ ನೋಡು. ದಾರ ಹರದ್ರ ಒಂದೊಂದ ಮಣಿ ಒಂದೊಂದ ಗಿಡಾ. ಅದಕ್ಕ ನಾಕ ದಿನಕ್ಕೊಮ್ಮಿ ಎಲಿ ಕತ್ತರಿಸ್ಕೋತ ಹೋಗ್ಬೇಕು. ಎಲಿ ಇಲ್ಲಂದ್ರ ಗಡ್ಡಿಗೆ ಕೂಳಿಲ್ಲ. ಉಪಾಸ ಸಾಯ್ತೈತಿ.”

“ಎಷ್ಟ ದಿನಕ್ಕ ಸಾಯ್ತೈತಿ?”

“ಎರಡ ವರ್ಷಾ.”

“ಎರಡ ವರ್ಷಾ!”

“ಅಷ್ಟರಾಗ ನಿಂದ ಲಗ್ನ ಆಗಿ ಒಂದ ಕೂಸ ಆಗಿರ್ತೈತಿ ತಗೋ. ಅದೂ ಬಂದು ನಿನ್ನ ಬಾಜೂಕ ಕುಂತು ಕಸಾ ತಗೀತೈತಿ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಸಾವ್ಕಾರನಿಗೆ ಎರಡು ವರ್ಷದ ಮಾತು ಹೇಳಿದರೆ ಕೇಳುತ್ತಾನೆಯೇ? ಅವನಿಗೆ ಇವತ್ತು ಸಂಜೆ ಕುರ್ಚಿ ಹಾಕಿದಾಗ ಅಂಗಳ ಚೊಕ್ಕ ಕಾಣಬೇಕು. ಅದಕ್ಕೇ ಕೀಳಿಸಿದ. ಕಿತ್ತಷ್ಟೂ ಹೆಚ್ಚಾಯಿತು. ಹೆಚ್ಚಾದಷ್ಟೂ ಕೀಳಿಸಿದ. ಔಷಧದ ಅಂಗಡಿಗೆ ಹೋಗಿ ಕೇಳಿದೆ. ಗೋವಿನಜೋಳದ ಬದುವಿನ ಕಸಕ್ಕೆ ಹೊಡೆಯುವ ಎಣ್ಣಿ ಹೊಡೆದರೆ ಹಚ್ಚಿದ ಹುಲ್ಲೂ ಸುಟ್ಟು ಹೋಗುತ್ತದೆ ಅಂದರು. ಜೇಕಷ್ಟನ್ನೇ ಕೊಲ್ಲುವ ಬೇರೆ ಪುಡಿ ತರಿಸಿ ಕೊಟ್ಟರು, ಒಂದೇ ಸಲಕ್ಕೆ ಮುಗಿಯುವುದಿಲ್ಲ ಅಂತಲೂ ಹೇಳಿದರು. ನೀರಿಗೆ ಕಲಸಿ ಹೊಡೆದೆ. ಎರಡು ವಾರಕ್ಕೆ ಜೇಕೆಲ್ಲ ಹಳದಿಯಾಗಿ ಮಲಗಿತು. ಆ ದಿನ ಸಾವ್ಕಾರ ನನ್ನನ್ನು ಗಾಡಿಯ ಹತ್ತಿರ ಕರೆದೊಯ್ದು ಸೀಟಿನ ಮೇಲೆ ಕೂರಿಸಿದ. ನಾನು ಲಿವರ್ ಮುಟ್ಟಿದೆ. ನಾಲ್ಕು ದಿನ ಮಳೆ ಹಿಡಿಯಿತು. ಐದನೆಯ ದಿನ ಕೆಳಗಿನ ಗಡ್ಡೆಗಳಿಂದ ಹೊಸ ತುದಿಗಳು ಎದ್ದಿದ್ದವು. ಇನ್ನೊಮ್ಮೆ ಹೊಡೆಯೋಣ ಅಂದದ್ದಕ್ಕೆ, “ನಿನ್ನ ಕೈಯಾಗ ಏನೂ ಆಗೂದಿಲ್ಲ” ಅಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಬಿಟ್ಟು ಹೋಗು ಅಂತ ನೀವು ಹೇಳಬಹುದು. ಎಲ್ಲಿಗೆ? ಹಿರೇಕೆರೂರಿನ ಗಾಡಿಯಲ್ಲಿ ನನ್ನ ಜಾಗಕ್ಕೆ ಬೇರೊಬ್ಬ ಬಂದಿದ್ದ. ಮಣ್ಣು ಆಗಲೇ ಕೊಟ್ಟಾಗಿತ್ತು, ತಿರುಗಿ ತರಲು ಬರುವುದಿಲ್ಲ. ನಾನು ಬಿಟ್ಟು ಬಂದರೆ ಅಪ್ಪ ಹೊಲದ ಮಣ್ಣನ್ನು ಸುಮ್ಮನೆ ಕಳೆದುಕೊಂಡ ಹಾಗೆ. ಹೀಗೆ ಲೆಕ್ಕ ಹಾಕಿಯೇ ದಿನಾ ಬೆಳಗ್ಗೆ ಬಗ್ಗುತ್ತಿದ್ದೆ.

ಐತವಾರ ಹೊಲಕ್ಕೆ ಹೋದೆ.

ಮೊದಲು ಮಾವಿನ ಗಿಡದ ಹತ್ತಿರವೇ ನಡೆದೆ. ಅಲ್ಲಿ ಮಣ್ಣು ತೆಗೆದ ಗುರುತು ಇರಬೇಕಿತ್ತು. ಇರಲಿಲ್ಲ. ಹೋದ ವರ್ಷ ನಾನೇ ಕಡಿದು ಹಾಕಿದ್ದ ಮುಳ್ಳುಕಂಟಿ ಕೂಡ ಇದ್ದಲ್ಲೇ ಇತ್ತು. ಹೊಲದ ಕೆಳಗಿನ ತುದಿಗೆ ನೋಡಿದೆ. ಅಪ್ಪ ಅಲ್ಲಿ ನಿಂತು ಕೈ ಮಾಡಿ ಕರೆಯುತ್ತಿದ್ದ.

ಆ ತುದಿಗೆ ನಮ್ಮ ಮನೆಯಲ್ಲಿ ಜೇಕಿನ ಮೂಲೆ ಅಂತಲೇ ಹೆಸರು. ನಾನು ಹುಟ್ಟುವ ಮೊದಲಿನಿಂದ ಅಲ್ಲಿ ಏನೂ ಸರಿಯಾಗಿ ಬೆಳೆದಿಲ್ಲ. ನನ್ನ ಅವ್ವ ಸಾವಂತ್ರವ್ವನ ಟೊಂಕ ಹೋದದ್ದು ಅಲ್ಲೇ. ಈಗ ಅಲ್ಲಿ ಗೋವಿನಜೋಳ ನನ್ನ ಎದೆಮಟ್ಟ ನಿಂತಿತ್ತು. ಕೆಳಗಿನ ಮಣ್ಣು ನಮ್ಮ ಹೊಲದ ಬಣ್ಣದ್ದಲ್ಲ, ಕೆರೆಯ ಹೂಳು. ಸಾಲಿನ ನಡುವೆ ಒಂದು ಕಡ್ಡಿ ಕಸ ಇಲ್ಲ.

“ನೋಡ್ಲೇ ತಮ್ಮಾ,” ಅಂದ ಅಪ್ಪ. ಅವನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿಯೇ ಇರಲಿಲ್ಲ. “ಒಂದ ಜೇಕ ತೋರ್ಸು, ನನ್ನ ಮೀಸಿ ಬೋಳಸ್ತೇನಿ. ನಿಮ್ಮವ್ವ ಈ ವರ್ಷ ಇಲ್ಲಿ ಒಂದ ದಿನಾ ಬಗ್ಗಿಲ್ಲ.”

“ಮಣ್ಣ ಇಲ್ಲಿಂದ ಕೊಟ್ಟಿಯೇನು?”

ಅಪ್ಪ ಗೋವಿನಜೋಳದ ಒಂದು ಗರಿಯನ್ನು ಹಿಡಿದು ಸವರತೊಡಗಿದ.

“ಮಾವಿನ ಗಿಡದ ಬುಡದ್ದು ಅಂದಿದ್ದಿ.”

“ಅಂದಿದ್ನೆಪಾ.”

“ಗೊತ್ತಿದ್ದ ಕೊಟ್ಟಿ.”

“ಅವಂಗ ಹುಲ್ಲ ಬೇಕಾಗಿತ್ತು. ಜೇಕೂ ಹುಲ್ಲ ಅಲ್ಲೇನು?” ನಗಿಸಲು ನೋಡಿದ. ನಾನು ನಗದಿದ್ದಾಗ ಅವನ ದನಿ ಇಳಿಯಿತು. “ಮೂವತ್ತ ವರ್ಷ ತಗದೇವಿ ಸುನ್ಯಾ, ನಾನೂ ನಿಮ್ಮವ್ವನೂ. ಮುಗೀಲಿಲ್ಲ. ದೊಡ್ಡ ಮಂದಿ ಅದಾರ, ಆಳ ಹಚ್ಚಿ ತಗಸ್ಕೋತಾರ ಅಂತ ತಿಳಕೊಂಡೆ. ನೀ ಗಾಡಿ ಮ್ಯಾಲೆ ಕೂಡ್ತಿ ಅಂದಿದ್ದ ಅವ. ಆ ಆಳ ನೀನ ಆಗ್ತಿ ಅಂತ ನನಗೇನ್ ಗೊತ್ತು?”

ನಾನು ಕೈ ಚಾಚಿ ತೋರಿಸಿದೆ. ಉಗುರಿನ ಸಂದಿಯ ಮಣ್ಣು ಮೂರು ತಿಂಗಳಿಂದ ಹೋಗಿರಲಿಲ್ಲ. ಅದು ಇದೇ ಮೂಲೆಯ ಮಣ್ಣು. ಅವ್ವನ ಉಗುರಿನಲ್ಲೂ ಇದೇ ಇತ್ತು.

ಅಪ್ಪನನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. ಅಷ್ಟರಲ್ಲಿ ಅವ್ವ ಬುತ್ತಿ ತಂದಳು. ನೆಟ್ಟಗೆ ನಡೆದು ಬಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಟೊಂಕದ ಮೇಲೆ ಕೈಯಿಡದೆ ಬದು ಹತ್ತಿದ್ದನ್ನು ನೋಡಿದೆ. ರೊಟ್ಟಿ ತಿಂದೆ. ತಿರುಗಿ ಶಿಗ್ಗಾವಿಗೆ ಬಂದೆ.

ಶುಕ್ರವಾರದ ತೊಟ್ಟಿಲಿಗೆ ಎರಡು ದಿನ ಮೊದಲೇ ಸಾವ್ಕಾರ ಅಂಗಳಕ್ಕೆಲ್ಲ ತೆಳು ಪ್ಲಾಸ್ಟಿಕ್ ಹಾಳೆ ಹಾಸಿಸಿದ್ದ, ಕಸ ಕಾಣಬಾರದು ಅಂತ. ಬೀಗರು ಬಂದು ಕೂರುವ ಹೊತ್ತಿಗೆ ಜೇಕಿನ ತುದಿಗಳು ಆ ಹಾಳೆಯನ್ನೂ ತೂರಿ ಅಲ್ಲಲ್ಲಿ ಮೇಲೆ ಬಂದಿದ್ದವು. ನಾನೂ ಹಾಜರಾಬಿಯೂ ಅವನ್ನು ಕುರ್ಚಗಿಯಿಂದ ಕತ್ತರಿಸುತ್ತಿದ್ದೆವು. ಬರಿಗಾಲಲ್ಲಿ ಓಡಾಡುತ್ತಿದ್ದ ಮಲ್ಲಿಕಾ ಅಕ್ಕ ಅಂಗಾಲು ಎತ್ತಿ ನೋಡಿಕೊಂಡರು.

“ಪುಕ್ಕಟೆ ಮಣ್ಣಪ್ಪಾ, ನಮ್ಮನಿಯವ್ರು ತಂದಿದ್ದು. ಚುಚ್ಚಬೇಕಲ್ಲ ಮತ್ತ,” ಅಂದರು, ತಮ್ಮ ಅಪ್ಪನಿಗೆ ಕೇಳುವ ಹಾಗೆ.

ಆ ಹಿರಿಯರು ಅಳಿಯನ ಮುಖ ನೋಡಿದರು. ಸಾವ್ಕಾರನ ಕಿವಿ ಕೆಂಪಾದವು. ಆಗಲೇ ನನಗೆ ಗೊತ್ತಾದದ್ದು, ಇಷ್ಟು ದಿನ ಇವನು ನನ್ನನ್ನು ಯಾಕೆ ಬೀಗರ ಮುಂದೆಯೇ ಬೈಯುತ್ತಿದ್ದ ಅಂತ. ಅವನೂ ಅಲ್ಲಿ ಸಿಕ್ಕುಬಿದ್ದಿದ್ದ. ಜಿಪುಣ ಅನ್ನಿಸಿಕೊಳ್ಳುವ ಬದಲು ಮೋಸ ಹೋದವ ಅನ್ನಿಸಿಕೊಳ್ಳಬೇಕಾಗಿತ್ತು. ಅದನ್ನು ಬೇರೆ ಯಾರಾದರೂ ಬಾಯಿ ಬಿಟ್ಟು ಹೇಳಬೇಕಾಗಿತ್ತು.

“ಸುನೀಲಾ, ಬಾ ಇಲ್ಲಿ,” ಅಂದ. ಮೊದಲ ಸಲ ಪೂರ್ತಿ ಹೆಸರು ಹಿಡಿದು ಕರೆದಿದ್ದ. “ಐತವಾರ ಹೊಲಕ್ಕ ಹೋಗಿದ್ದಿಲ್ಲೋ?”

“ಹೋಗಿದ್ನಿರಿ.”

“ನೋಡ್ರಿ ಮಾವಾರ, ಮಗನ ಬಾಯಾಗನ ಕೇಳ್ರಿ. ಎಲ್ಲಿ ಮಣ್ಣೋ ಅದು?”

ಮೂಲೆಯಲ್ಲಿ ಹಾಜರಾಬಿ ಕುರ್ಚಗಿ ಹಿಡಿದ ಕೈಯನ್ನು ನಿಲ್ಲಿಸಿದ್ದಳು.

ಸಾವ್ಕಾರ ಜೇಬಿನಿಂದ ಕೀಲಿ ತೆಗೆದು ಟೀಪಾಯಿ ಮೇಲೆ, ಪೇಢೆಯ ತಾಟಿನ ಬಾಜೂಕ ಇಟ್ಟ. “ಹೆದರಬ್ಯಾಡ. ನಿಮ್ಮಪ್ಪಗ ನಾ ಏನೂ ಅನ್ನೂದಿಲ್ಲ, ಕೂಸಿನ ಆಣಿ. ‘ನಮ್ಮಪ್ಪ ಗೊತ್ತಿದ್ದ ಕಸದ ಮಣ್ಣ ಕೊಟ್ಟಾನ’ ಅಂತ ಒಂದ ಮಾತ ಹೇಳು. ಕೀಲಿ ತಗೋ. ನಾಳಿಂದನ ಗಾಡಿ ಮ್ಯಾಲೆ ಕೂಡು. ಈ ಕಸಾ ಬ್ಯಾರೆಯವ್ರ ತಗೀತಾರ.”

ಒಂದು ಮಾತು. ಅದೂ ಖರೆ ಮಾತೇ. ಅಪ್ಪನನ್ನು ನಾನು ಐದು ದಿನದಿಂದ ಮನಸ್ಸಿನಲ್ಲಿ ಬೈಯುತ್ತಲೇ ಇದ್ದೆ, ಇದೇ ಮಾತು ಹಿಡಿದು. ಮಾವಿನ ಗಿಡದ್ದು ಅಂತ ಸುಳ್ಳು ಹೇಳಿದರೆ ಮತ್ತೆ ಈ ಹಾಳೆ ತೆಗೆದು ಬಗ್ಗಬೇಕು, ಎರಡು ವರ್ಷ. ಖರೆ ಹೇಳಿದರೆ ಹಾನಗಲ್ಲಿನ ಈ ಆರು ಬಾಯಿ ನಗುತ್ತವೆ. ನಾಳೆ ಶಿಗ್ಗಾವಿಯ ಚಾದಂಗಡಿಯಲ್ಲಿ ನಮ್ಮಪ್ಪ ಕಸ ಕೊಟ್ಟ ಶಿದ್ಲಿಂಗಪ್ಪ ಆಗುತ್ತಾನೆ. ನಾನು ಆ ಗಾಡಿ ಹತ್ತಿದಾಗಲೆಲ್ಲ ಅವನ ಹೆಗಲು ತುಳಿದೇ ಹತ್ತಬೇಕು.

ಕೀಲಿಗೆ ಕೆಂಪು ದಾರ ಕಟ್ಟಿತ್ತು. ಅದನ್ನು ನೋಡಿದೆ. ಬಹಳ ಹೊತ್ತು ನೋಡಿದೆ.

“ಬಾಯಿ ಬಿಡೋ,” ಅಂದ ಸಾವ್ಕಾರ.

ಕೈಯಲ್ಲಿದ್ದ ಕುರ್ಚಗಿಯನ್ನು ಹಾಜರಾಬಿಯ ಮುಂದೆ ಇಟ್ಟೆ. ಅವಳು ತಲೆ ಎತ್ತದೆ, “ಹೋಗು ಮಗಾ” ಅಂದಳು, ನನಗಷ್ಟೇ ಕೇಳುವ ಹಾಗೆ. ಪ್ಲಾಸ್ಟಿಕ್ ಹಾಳೆಯ ಮೇಲೆ ನಡೆದೆ. ಅದರ ಅಂಚಿನಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡೆ. ಗೇಟಿನ ಹೊರಗೆ ಜೆಸಿಬಿ ನಿಂತಿತ್ತು, ಬಕೀಟು ನೆಲಕ್ಕೆ ಊರಿ. ಅದನ್ನು ಬಳಸಿಕೊಂಡು ಹೋಗಬೇಕಾಯಿತು. ಬಾಗಿಲಿನ ಗಾಜಿನ ಮೇಲೆ ಧೂಳಿತ್ತು, ಯಾರೂ ಒರೆಸಿರಲಿಲ್ಲ.

“ಲೇ! ಸುಮ್ನ ಹೊಂಟೆಲ್ಲಾ, ಹಂಗಂದ್ರ ಹೌದು ಅಂತ ತಿಳಕೋಬೇಕೇನು? ಇಲ್ಲ ಅಂತ ತಿಳಕೋಬೇಕೇನು?” ಸಾವ್ಕಾರ ಹಿಂದಿನಿಂದ ಕೂಗಿದ.

ನಾನು ತಿರುಗಿ ನೋಡಲಿಲ್ಲ. ಗೊಟಗೋಡಿಯ ಕಡೆಗೆ ನಡೆದೆ.