ಸೆಮಿಫೈನಲ್ ದಿನದ ಎಣ್ಣೆಸ್ನಾನ

ತಾಮೋವಾ ಎಲ್ಲಿದೆ ಎಂದು ಭೂಪಟ ಬಿಚ್ಚಬೇಡಿ, ಸಿಗುವುದಿಲ್ಲ. ಹಿಮಾರ್ಕ್ ಕೂಡ ಸಿಗುವುದಿಲ್ಲ. ಎರಡೂ ಈ ಕತೆಯ ಲೋಕದ ದೇಶಗಳು. ಒಂದು ಬರೀ ದ್ವೀಪಗಳ ನಾಡು, ಇನ್ನೊಂದು ವರ್ಷದ ಮುಕ್ಕಾಲು ಪಾಲು ಹಿಮದಡಿ ಮಲಗಿರುವ ನಾಡು. ಮೈಸೂರು ಮಾತ್ರ ನಮ್ಮ ಮೈಸೂರೇ. ಈ ಲೋಕದಲ್ಲಿ ಅದಕ್ಕೆ ಏಳು ಕಡಲ ಕಪ್ ನಡೆಸುವ ಸರದಿ ಬಂದಿತ್ತು, ವ್ಯತ್ಯಾಸ ಅಷ್ಟೇ.

ಏಳು ಕಡಲ ಕಪ್ ಎಂದರೆ ಹೆಣ್ಣುಮಕ್ಕಳ ಅಂತಾರಾಷ್ಟ್ರೀಯ ರಗ್ಬಿ ಪಂದ್ಯಾವಳಿ. ಅದಕ್ಕೊಂದು ಹಳೆಯ ಪದ್ಧತಿಯಿದೆ. ಆಟಗಾರ್ತಿಯರು ಹೋಟೆಲಿನಲ್ಲಿ ಇಳಿಯುವ ಹಾಗಿಲ್ಲ. ಆಯಾ ಊರಿನ ಮನೆಗಳಲ್ಲಿ ಅತಿಥಿಗಳಾಗಿ ಇರಬೇಕು, ಮನೆಯವರು ಉಂಡದ್ದನ್ನೇ ಉಣ್ಣಬೇಕು, ಮನೆಯ ಪದ್ಧತಿಯಂತೆ ನಡೆಯಬೇಕು. ಹೀಗಾಗಿ ವಿಜಯನಗರದ ಶಾಂತಾದೇವಿಯವರ ಮನೆಗೆ ತಾಮೋವಾದ ಸೆಲೂಯಿ ಬಂದಳು. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಅಷ್ಟೇ ನಾಚಿಕೆ. ಅವಳ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತರುವ ಕೆಲಸ ಶಾಂತಾದೇವಿಯವರ ಮಗಳ ಮಗಳು ರಕ್ಷಿತಾಳದು. ಕಾಲೇಜು ಹುಡುಗಿ, ಪಂದ್ಯಾವಳಿಗೆ ಸ್ವಯಂಸೇವಕಿಯಾಗಿ ಸೇರಿದ್ದಳು.

ಶಾಂತಾದೇವಿಯವರ ಯಜಮಾನರು ವೃಷಭೇಂದ್ರಪ್ಪ, ವಿದ್ಯುತ್ ಇಲಾಖೆಯಿಂದ ನಿವೃತ್ತರು. ಅವರಿಗೆ ಮೊದಲು ಈ ಆಟದ ತಲೆಬುಡ ಅರ್ಥವಾಗಲಿಲ್ಲ.

"ಚೆಂಡು ನೋಡಿದ್ರೆ ಹಲಸಿನ ಕಾಯಿ ಥರ ಇದೆ. ಮುಂದಕ್ಕೆ ಎಸೆಯಂಗಿಲ್ವಂತೆ, ಹಿಂದಕ್ಕೇ ಎಸೀಬೇಕಂತೆ. ಹಿಂದಕ್ಕೆ ಎಸ್ಕೊಂಡು ಮುಂದಕ್ಕೆ ಓಡೋದು ಯಾವ ಸೀಮೆ ಆಟ?"

"ತಾತಾ, ಚೆಂಡು ಎತ್ಕೊಂಡು ಆ ಕಡೆ ಗೆರೆ ದಾಟಿ ನೆಲಕ್ಕೆ ಮುಟ್ಸಿದ್ರೆ ಟ್ರೈ. ಐದು ಅಂಕ. ಅಷ್ಟರೊಳಗೆ ಬೇರೆಯವರು ಹಿಡಿದು ಕೆಡವಬೇಕು."

"ಹಂಗನ್ನು ಮತ್ತೆ. ಕುಸ್ತೀನೂ ಕಬಡ್ಡೀನೂ ಕಲೆಸಿಬುಟ್ಟವ್ರೆ," ಎಂದು ಅವರು ಸಮಾಧಾನಪಟ್ಟರು. ಮರುದಿನದಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ರಗ್ಬಿ ಪಾಠ ಹೇಳತೊಡಗಿದರು.

ಶಾಂತಾದೇವಿಯವರಿಗೆ ಆಟಕ್ಕಿಂತ ಹುಡುಗಿಯ ಮೈ ಮೇಲೆ ಕಣ್ಣು. ಪ್ರತಿ ಪಂದ್ಯ ಮುಗಿಸಿ ಬಂದಾಗಲೂ ಒಂದಲ್ಲ ಒಂದು ಕಡೆ ನೀಲಿಗಟ್ಟಿರುತ್ತಿತ್ತು. ಸೆಮಿಫೈನಲ್ ಹೊತ್ತಿಗೆ ಎಡಭುಜ ಎತ್ತಲಾಗದೆ, ತಟ್ಟೆಯನ್ನು ಬಲಗೈಯಲ್ಲೇ ಹಿಡಿದು ಬಲಗೈಯಲ್ಲೇ ಊಟ ಮಾಡಲು ಒದ್ದಾಡುತ್ತಿದ್ದಳು. ಅದು ಗುರುವಾರ. ಸೆಮಿಫೈನಲ್ ಇದ್ದದ್ದು ಮರುದಿನ, ಶುಕ್ರವಾರ.

ಆ ಬೀದಿಯಲ್ಲಿ ಶುಕ್ರವಾರ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಶಾಂತಾದೇವಿಯವರ ಹಿತ್ತಲಿನ ಹಂಡೆಯ ಒಲೆ ಹೊತ್ತಿ, ತೆಂಗಿನ ಮಟ್ಟೆಯ ಹೊಗೆ ಎದ್ದರೆ ಹೆಣ್ಣುಮಕ್ಕಳ ಎಣ್ಣೆಸ್ನಾನದ ದಿನ. ಶನಿವಾರ ಎದ್ದರೆ ಗಂಡಸರದು, ಅಂದರೆ ವೃಷಭೇಂದ್ರಪ್ಪನವರೊಬ್ಬರದೇ. ಮನೆಯಲ್ಲಿ ಸೋಲಾರ್ ಇದ್ದರೂ ಎಣ್ಣೆ ನೀರಿಗೆ ಹಂಡೆಯೇ ಆಗಬೇಕು. ಅಕ್ಕಪಕ್ಕದ ಎಷ್ಟೋ ಬಾಣಂತಿಯರು ಅವರ ಕೈಯಲ್ಲಿ ನೀರು ಹಾಕಿಸಿಕೊಂಡು ಎದ್ದವರು.

ಬೆಳಗ್ಗೆ ಸೆಲೂಯಿಯನ್ನು ಮಣೆಯ ಮೇಲೆ ಕೂರಿಸಿ, ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಾಗ ಹುಡುಗಿ ಗಾಬರಿಯಾದಳು.

"ರಕ್ಷಿತಾ, ಅವಳಿಗೆ ಹೇಳು, ಹೆದರ್ಬೇಡ ಅಂತ. ಹೊಡೆತಕ್ಕೆ ಇದಕ್ಕಿಂತ ಮದ್ದಿಲ್ಲ."

"ಅಜ್ಜಿ, ಮಧ್ಯಾಹ್ನ ಮ್ಯಾಚ್ ಇದೆ ಕಣಜ್ಜಿ!"

"ಅದಕ್ಕೇ ಮತ್ತೆ. ಹಸೀ ಮೈಯಲ್ಲಿ ಕಳಿಸ್ತಾರಾ?"

ನೆತ್ತಿಗೆ ಎಣ್ಣೆ ತಟ್ಟುವಾಗ ಸೆಲೂಯಿ ಒಮ್ಮೆ ಮೈಯೆಲ್ಲ ಬಿಗಿ ಮಾಡಿಕೊಂಡಳು. ಆಮೇಲೆ ನಿಧಾನವಾಗಿ ಕಣ್ಣು ಮುಚ್ಚಿ ಏನೋ ಹೇಳಿದಳು. ತಮ್ಮ ನಾಡಿನಲ್ಲಿ ಹೆತ್ತ ತಾಯಿಯ ಹೊರತು ಯಾರೂ ಹೆಣ್ಣುಮಕ್ಕಳ ನೆತ್ತಿ ಮುಟ್ಟುವುದಿಲ್ಲ ಎಂದಳಂತೆ.

ಶಾಂತಾದೇವಿ ಥಟ್ಟನೆ ಕೈ ತೆಗೆದರು. "ಅಯ್ಯೋ, ಬ್ಯಾಡ್ವಾ ಹಂಗಾದ್ರೆ?"

ಸೆಲೂಯಿ ಆ ಕೈಯನ್ನು ಹಿಡಿದು ಮತ್ತೆ ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಅಲ್ಲಿಯವರೆಗೆ 'ಮೇಡಂ' ಎನ್ನುತ್ತಿದ್ದವಳು ಅವತ್ತಿನಿಂದ 'ಅಮ್ಮ' ಎಂದಳು.

ಇನ್ನು ಶಾಂತಾದೇವಿಯವರ ಕೈಗೆ ತಡೆಯೇ ಇಲ್ಲ. ನೆತ್ತಿ, ಭುಜ, ತೋಳು, ತೊಡೆ, ಹಿಮ್ಮಡಿ. ಕೂದಲಿಗೆ ಸೀಗೆಪುಡಿ ಹಾಕಿ ಚೆನ್ನಾಗಿ ತೊಳೆದರು. ಮೈಗೆ ಮಾತ್ರ ಕಡಲೆಹಿಟ್ಟನ್ನು ಹಾಗೇ ಮೇಲೆ ಮೇಲೆ ಸವರಿ ನೀರು ಹುಯ್ದರು.

"ಇನ್ನೂ ಜಾರ್ತಿದೆ ಅಜ್ಜಿ, ಸರಿಯಾಗಿ ಉಜ್ಜಿ," ಎಂದಳು ರಕ್ಷಿತಾ.

"ಪೂರ್ತಿ ತೆಗೆದುಬುಟ್ರೆ ಹಾಕಿದ್ದು ಯಾತಕ್ಕೆ? ಒಂಚೂರು ಜಿಡ್ಡು ಮೈಮೇಲೆ ಉಳೀಬೇಕು."

ಎಡವಟ್ಟಾದದ್ದು ಅಲ್ಲೇ.

ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಗಂಡಹೆಂಡಿರು ಒಂದೇ ಛತ್ರಿ ಹಿಡಿದು ಮೈದಾನದ ಮೆಟ್ಟಿಲ ಮೇಲೆ ಕೂತಿದ್ದರು. ಎದುರಾಳಿ ಹಿಮಾರ್ಕ್. ಆಟ ಶುರುವಾಗಿ ಬೆವರು ಹರಿಯುತ್ತಿದ್ದಂತೆ ಸೆಲೂಯಿಯ ಕೈಯಿಂದ ಚೆಂಡು ಜಾರಿ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು. ಆ ಸಲ ಹಿಮಾರ್ಕಿನವರು ಅದನ್ನೇ ಎತ್ತಿಕೊಂಡು ಓಡಿ ಟ್ರೈ ಹೊಡೆದೇಬಿಟ್ಟರು.

"ಏನೇ ಇದು, ನಿನ್ನ ಮಗಳು ಚೆಂಡನ್ನ ಬೆಣ್ಣೆ ಉಂಡೆ ಮಾಡ್ಕೊಂಡವ್ಳೆ?"

"ನೀವು ಸುಮ್ಕಿರ್ರೀ. ದೃಷ್ಟಿಯಾಗಿರ್ಬೇಕು."

ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತು ಇರುವಾಗ ತಾಮೋವಾ ಮೂರು ಅಂಕ ಹಿಂದಿತ್ತು. ಆಗ ಚೆಂಡು ಸೆಲೂಯಿಗೆ ಬಂತು. ಈ ಸಲ ಅದನ್ನು ಕಂಕುಳಲ್ಲಿ ಅವುಚಿಕೊಂಡು ಅಂಚಿನುದ್ದಕ್ಕೂ ಓಡಿದಳು. ಒಬ್ಬಳು ತೋಳು ಹಿಡಿದಳು, ಜಾರಿದಳು. ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು, ಜಾರಿದಳು. ಕೊನೆಗೆ ಹಿಮಾರ್ಕಿನ ನಾಯಕಿ ಓರ್ಲಾ, ಆಲದ ಬೊಡ್ಡೆಯಂಥ ಹೆಂಗಸು, ಎರಡೂ ಕೈಯಲ್ಲಿ ತೊಡೆ ತಬ್ಬಿದಳು. ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿಂದ ಪಾದಕ್ಕೆ, ಪಾದದಿಂದ ಹುಲ್ಲಿಗೆ ಇಳಿದಳು. ಸೆಲೂಯಿ ಗೆರೆ ದಾಟಿದಳು. ತಾಮೋವಾ ಗೆದ್ದಿತು.

ವೃಷಭೇಂದ್ರಪ್ಪ ಛತ್ರಿಯನ್ನು ಗಾಳಿಗೆ ಎಸೆದರು. ಹುಲ್ಲಿನ ಮೇಲೆ ಬಿದ್ದಿದ್ದ ಓರ್ಲಾ ಮಾತ್ರ ಎದ್ದು ಕೂತು ತನ್ನ ಅಂಗೈ ನೋಡಿಕೊಂಡಳು, ಮೂಸಿದಳು. ಮತ್ತೆ ನೇರ ರೆಫರಿಯ ಹತ್ತಿರ ಹೋಗಿ ಎರಡೂ ಅಂಗೈ ಚಾಚಿದಳು.

ಸಂಜೆ ರಕ್ಷಿತಾ ಒಬ್ಬಳೇ ಮನೆಗೆ ಬಂದಳು. ಮುಖ ಬಾಡಿತ್ತು.

"ಅಜ್ಜಿ, ಹಿಮಾರ್ಕಿನವರು ದೂರು ಕೊಟ್ಟಿದಾರೆ. ಕೈಗೆ ಸಿಗದೆ ಇರ್ಲಿ ಅಂತ ಮೈಗೆ ಎಣ್ಣೆ ಬಳ್ಕೊಂಡು ಆಡಿದ್ದು ಮೋಸ ಅಂತ. ನಾಳೆ ಬೆಳಗ್ಗೆ ವಿಚಾರಣೆ. ತಪ್ಪು ಅಂತಾದ್ರೆ ತಾಮೋವಾ ಫೈನಲ್ ಆಡಲ್ಲ. ಸೆಲೂಯಿ ಮತ್ತೆ ಯಾವತ್ತೂ ಈ ಕಪ್ಪಲ್ಲಿ ಆಡಂಗಿಲ್ಲ."

"ನಾನು ಹಾಕಿದ್ದು ಅಂತ ಹೇಳ್ಲಿಲ್ವಾ ಅವಳು?"

"ಕೇಳಿದ್ರು ಅಜ್ಜಿ. ನಾನೇ ಹಾಕ್ಕೊಂಡೆ ಅಂದ್ಲು. ಸತ್ಯ ಹೇಳೇ ಅಂತ ಪಕ್ಕಕ್ಕೆ ಕರ್ದು ಬೈದೆ. ಅಮ್ಮ ಪ್ರೀತಿಯಿಂದ ಕೊಟ್ಟಿದ್ದನ್ನ ತಪ್ಪು ಅಂತ ನನ್ನ ಬಾಯಲ್ಲಿ ಹೇಳಲ್ಲ ಅಂದುಬುಟ್ಲು. ಇವತ್ತು ತಂಡದ ಇನ್ನೊಬ್ಬಳು ಇರೋ ಮನೇಲೇ ಉಳ್ಕೊಂಡಿದಾಳೆ."

ಶಾಂತಾದೇವಿ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. ಬಾಣಂತಿಯರನ್ನು ಎಬ್ಬಿಸಿ ನಡೆಸಿದ ತಮ್ಮ ಕೈಯೇ ಒಬ್ಬ ಹೆಣ್ಣುಮಗಳ ಆಟ ಕೆಡಿಸಿತಲ್ಲ ಎಂಬ ಸಂಕಟದಲ್ಲಿ ಅಂಗೈಯನ್ನೇ ನೋಡಿಕೊಂಡರು.

ಆದರೂ ಮರುದಿನ ಶನಿವಾರ. ಅಭ್ಯಾಸ ಬಿಡಬೇಕಲ್ಲ. ಯೋಚನೆಯಲ್ಲೇ ಹಂಡೆ ಕಾಯಿಸಿದರು, ಯೋಚನೆಯಲ್ಲೇ ಯಜಮಾನರನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಹುಯ್ದರು. ಅರ್ಧ ತಟ್ಟಿದವರು ಕೈ ನಿಲ್ಲಿಸಿದರು.

"ಏಳ್ರೀ. ಹೋಗಣ."

"ಎಲ್ಲಿಗೆ?"

"ವಿಚಾರಣೆಗೆ. ನಾನು ಹೋಗಿ ಹೇಳ್ತೀನಿ."

"ತಲೆ ತೊಳೀಬೇಡ್ವೇನೇ? ಹಿಂಗೇ ಹೋಗೋಕಾಯ್ತದಾ?"

"ಟೋಪಿ ಹಾಕ್ಕೊಳಿ. ಅಲ್ಲಿ ಆ ಮಗು ಒಂದೇ ನಿಂತಿರ್ತದೆ."

ವಿಚಾರಣೆಯ ಕೋಣೆಯಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿದ್ದವರು ಬ್ರಾನ್ನಾ ಎಂಬ ಹಿರಿಯ ಹೆಂಗಸು, ಬೇರೊಂದು ನಾಡಿನವರು. ಒಂದು ಕಡೆ ಸೆಲೂಯಿ ತಲೆ ತಗ್ಗಿಸಿ ನಿಂತಿದ್ದಳು. ಇನ್ನೊಂದು ಕಡೆ ಓರ್ಲಾ. ಎಣ್ಣೆಯ ಬಟ್ಟಲು ಹಿಡಿದು ಒಳಗೆ ನುಗ್ಗಿದ ಶಾಂತಾದೇವಿಯವರನ್ನು ಕಂಡು ಸೆಲೂಯಿ "ಅಮ್ಮ, ಬೇಡ" ಎಂದಳು. ಇಲ್ಲಿಗೆ ಬಂದ ಮೇಲೆ ಕಲಿತಿದ್ದ ಎರಡೂ ಕನ್ನಡ ಮಾತು ಅಲ್ಲಿಗೆ ಮುಗಿದವು.

"ನೀನು ಸುಮ್ನಿರು," ಎಂದು ಶಾಂತಾದೇವಿ ಅಧ್ಯಕ್ಷೆಯತ್ತ ತಿರುಗಿದರು. ರಕ್ಷಿತಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸುತ್ತ ಹೋದಳು. "ಎಣ್ಣೆ ಹಚ್ಚಿದ್ದು ನಾನು, ತಾಯಿ. ತಪ್ಪು ನಂದು. ಈ ಮಗು ಮೇಲೆ ಹಾಕ್ಬೇಡಿ."

"ಪಂದ್ಯದ ದಿನ ಯಾರಾದರೂ ಮೈಗೆ ಎಣ್ಣೆ ಹಚ್ಚುತ್ತಾರೆಯೇ?" ಎಂದು ಕೇಳಿದರು ಬ್ರಾನ್ನಾ.

"ಪಂದ್ಯದ ದಿನ ಅಂತ ಹಚ್ಚಲಿಲ್ಲ. ಶುಕ್ರವಾರ ಅಂತ ಹಚ್ಚಿದೆ."

"ಶುಕ್ರವಾರ?"

"ಹೂಂ. ಹೆಂಗಸರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ. ನಮ್ಮನೇಲಿ ಇರೋರು ನಮ್ಮನೆ ಪದ್ಧತಿ ಥರ ಇರ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

ಬ್ರಾನ್ನಾ ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ನಂಬುವುದು ಹೇಗೆ ಎಂಬ ಸಂದೇಹ ಅವರ ಮುಖದಲ್ಲಿತ್ತು. ಆಗ ವೃಷಭೇಂದ್ರಪ್ಪ ಎದ್ದು ನಿಂತರು.

"ಇವತ್ತು ಶನಿವಾರ ಮೇಡಂ," ಎಂದು ಟೋಪಿ ತೆಗೆದರು.

ಹರಳೆಣ್ಣೆ ಹಣೆಯಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ಇಳಿಯಿತು. ಕಿವಿಯ ಹಿಂದಿನಿಂದ ಹೊರಟ ಇನ್ನೊಂದು ಧಾರೆ ಇಸ್ತ್ರಿ ಮಾಡಿದ ಕಾಲರ್ ಒಳಗೆ ಹೋಯಿತು.

"ಮದುವೆಯಾದಾಗಿಂದ ತಪ್ಪಿಸ್ಕೊಳ್ಳೋಕೆ ನೋಡ್ತಿದೀನಿ. ಒಂದು ವಾರಾನೂ ಆಗಿಲ್ಲ. ನಾನೇ ಆಗಿಲ್ಲ ಅಂದ್ಮೇಲೆ ಹೊರದೇಶದ ಹುಡುಗಿ ಕೈಲಿ ಆಯ್ತದಾ, ನೀವೇ ಹೇಳಿ."

ರಕ್ಷಿತಾ ಇದನ್ನು ಇಂಗ್ಲಿಷಿಗೆ ಮಾಡುವಾಗ ಅವಳ ದನಿಯೇ ನಡುಗುತ್ತಿತ್ತು, ನಗು ತಡೆದು ತಡೆದು. ಕೋಣೆಯಲ್ಲಿ ಮೊದಲು ನಕ್ಕವಳು ಓರ್ಲಾ. ನಕ್ಕವಳೇ "ಆ" ಎಂದು ಕತ್ತು ಹಿಡಿದುಕೊಂಡಳು.

ಶಾಂತಾದೇವಿಯವರ ಕಣ್ಣು ಅತ್ತ ಹೋಯಿತು. "ಕತ್ತಿಗೇನಾಯ್ತವ್ವಾ?"

ಓರ್ಲಾ ಕತ್ತು ತಿರುಗದೆ ಇಡೀ ಮೈಯನ್ನೇ ಅಧ್ಯಕ್ಷೆಯ ಕಡೆ ತಿರುಗಿಸಿ ನಿಂತಳು.

"ನಿನ್ನೆ ನನಗೆ ಸಿಟ್ಟು ಬಂದಿತ್ತು," ಎಂದಳು. "ಬೇಕೆಂದೇ ಮಾಡಿದ್ದಾಳೆ ಅಂದುಕೊಂಡೆ. ಆದರೆ ಬೇಕೆಂದೇ ಎಣ್ಣೆ ಹಚ್ಚಿಕೊಂಡವಳು ಅಂಗೈಯನ್ನಾದರೂ ಒರೆಸಿಕೊಳ್ಳುತ್ತಿದ್ದಳು. ಅವಳ ಕೈಯಿಂದ ಎರಡು ಸಲ ಚೆಂಡು ಜಾರಿತು. ಒಂದನ್ನು ನಾವು ಟ್ರೈ ಮಾಡಿಕೊಂಡೆವು. ಆ ಎಣ್ಣೆಯಿಂದ ಅವರಿಗೆ ಸಿಕ್ಕಿದ್ದು ಐದು ಅಂಕ, ನಮಗೂ ಐದೇ. ನಮ್ಮದನ್ನು ಇಟ್ಟುಕೊಂಡು ಅವರದನ್ನು ಮಾತ್ರ ಕಿತ್ತುಕೊಳ್ಳಿ ಎಂದು ಹೇಗೆ ಕೇಳಲಿ? ದೂರು ವಾಪಸು ತೆಗೆದುಕೊಳ್ಳುತ್ತೇನೆ."

ಫೈನಲ್ ಅವಳ ಕೈಯಳತೆಯಲ್ಲಿತ್ತು. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅದನ್ನು ಅವಳು ಬಿಟ್ಟುಕೊಟ್ಟಳು. ಅವಳ ಮಾತನ್ನು ರಕ್ಷಿತಾ ಕನ್ನಡದಲ್ಲಿ ಹೇಳಿ ಮುಗಿಸುತ್ತಲೇ ಶಾಂತಾದೇವಿ ಮುಂದೆ ಬಂದರು. ಬಟ್ಟಲನ್ನು ಮೇಜಿನ ಮೇಲಿಟ್ಟು ಓರ್ಲಾಳ ಎರಡು ಕೈಗಳನ್ನೂ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. ಅದನ್ನು ರಕ್ಷಿತಾ ಅನುವಾದಿಸಲಿಲ್ಲ, ಅಗತ್ಯವೂ ಬೀಳಲಿಲ್ಲ.

ಬ್ರಾನ್ನಾ ತೀರ್ಪು ಓದಿದರು. ಗೆಲುವು ಗೆಲುವೇ. ಸೆಲೂಯಿ ಫೈನಲ್ ಆಡಬಹುದು, ಆದರೆ ಆಟಕ್ಕೆ ಮೊದಲು ರೆಫರಿ ಅವಳ ಕೈಕಾಲು ಮುಟ್ಟಿ ನೋಡುತ್ತಾರೆ. ಭಾನುವಾರ ಸಂಜೆಯವರೆಗೆ ಈ ತಾಯಿ ಯಾರಿಗೂ ಎಣ್ಣೆ ಹಚ್ಚುವ ಹಾಗಿಲ್ಲ.

"ಇವರಿಗೆ ಅರ್ಧ ಹಾಕಿ ಎಬ್ಬಿಸ್ಕೊಂಡು ಬಂದಿದೀನಲ್ಲ, ತಾಯಿ?"

"ಅವರೊಬ್ಬರಿಗೆ ವಿನಾಯಿತಿ," ಎಂದರು ಬ್ರಾನ್ನಾ ಗಂಭೀರವಾಗಿ.

"ಛೇ," ಎಂದರು ವೃಷಭೇಂದ್ರಪ್ಪ.

ಭಾನುವಾರ ಫೈನಲಿನಲ್ಲಿ ತಾಮೋವಾ ಎರಡೇ ಅಂಕಗಳಿಂದ ಸೋತಿತು. ಸೆಲೂಯಿಯ ಕೈಯಿಂದ ಒಂದು ಸಲವೂ ಚೆಂಡು ಜಾರಲಿಲ್ಲ. ಎಡಭುಜದ ನೋವು ಇಳಿದು ಎರಡು ಕೈಯಲ್ಲೂ ಹಿಡಿಯುತ್ತಿದ್ದಳು. ಸೋತರೂ ಮೆಟ್ಟಿಲ ಕಡೆಗೆ ಓಡಿಬಂದು ಪದಕವನ್ನು ಶಾಂತಾದೇವಿಯವರ ಕೊರಳಿಗೆ ಹಾಕಿದಳು. ಅವರ ಪಕ್ಕದಲ್ಲಿ ಕೂತು ತಾಮೋವಾದ ಪರವಾಗಿ ಗಂಟಲು ಹರಿಯುವಂತೆ ಕೂಗಿದ್ದವಳು ಓರ್ಲಾ.

ಸೋಮವಾರ ಎಲ್ಲರೂ ಹೊರಡುವ ದಿನ. ಬೆಳಗ್ಗೆ ಗೇಟು ಸದ್ದಾಯಿತು. ಹಾಲಿನವನೆಂದು ಹೊರಗೆ ಹೋದ ವೃಷಭೇಂದ್ರಪ್ಪ ಹಾಗೇ ಹಿಂದೆ ಬಂದರು.

"ಲೇ ಶಾಂತಾ, ಹಿಮಾರ್ಕಿಗೆ ಹಿಮಾರ್ಕೇ ಬಂದು ನಿಂತದೆ ಕಣೇ ಹೊರಗೆ!"

ಕತ್ತು ಹಿಡಿದುಕೊಂಡು ಓರ್ಲಾ, ಅವಳ ಹಿಂದೆ ಮೊಣಕಾಲು, ಸೊಂಟ, ಮೊಣಕೈ ಹಿಡಿದುಕೊಂಡ ಐದಾರು ಮಂದಿ. ಎಲ್ಲರ ಕೈಯಲ್ಲೂ ಟವಲು.

"ಇವತ್ತು ಶುಕ್ರವಾರ ಅಲ್ವಲ್ಲೇ," ಎಂದು ಕಾಲೆಳೆದರು ವೃಷಭೇಂದ್ರಪ್ಪ.

"ಬಂದೋರನ್ನ ವಾರ ಕೇಳಿ ಒಳಗೆ ಕರೀತಾರೇನ್ರೀ? ಹೋಗಿ ಮಟ್ಟೆ ತನ್ನಿ."

ಹಂಡೆ ಕಾಯಿತು. ಶಾಂತಾದೇವಿ ಸೆರಗು ಸಿಕ್ಕಿಸಿ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಸೆಲೂಯಿ ಆ ಬಟ್ಟಲನ್ನು ಎತ್ತಿಕೊಂಡುಬಿಟ್ಟಳು. ಮಣೆ ತೋರಿಸಿ ಏನೋ ಹೇಳಿದಳು.

"ಮೊದ್ಲು ನೀವು ಕೂರ್ಬೇಕಂತೆ ಅಜ್ಜಿ," ಎಂದಳು ರಕ್ಷಿತಾ. "ತಾಯಿ ಕೈಯಿಂದ ತಗೊಂಡಿದ್ದನ್ನ ಕೈಯಲ್ಲೇ ವಾಪಸ್ ಕೊಡ್ಬೇಕಂತೆ ಅವ್ರ ಕಡೆ."

"ನಂಗ್ಯಾಕೆ ಈಗ, ಇವರೆಲ್ಲ ಕಾಯ್ತಾವ್ರೆ..." ಎನ್ನುತ್ತಲೇ ಕೂತರು. ತಾವೇ ಎಷ್ಟೋ ತಲೆಗಳಿಗೆ ಎಣ್ಣೆ ತಟ್ಟಿದ್ದರು. ತಮ್ಮ ನೆತ್ತಿಗೆ ಇನ್ನೊಬ್ಬರ ಕೈ ಬಿದ್ದದ್ದು ಯಾವಾಗ ಎಂದು ನೆನಪಾಗಲಿಲ್ಲ. ದೊಡ್ಡ ಅಂಗೈ, ಚೆಂಡು ಹಿಡಿದು ಒರಟಾದದ್ದು, ಆದರೂ ಮೆತ್ತಗೆ ತಟ್ಟುತ್ತಿತ್ತು. ಬೆಚ್ಚನೆಯ ಎಣ್ಣೆ ಇಳಿಯಿತು.

"ಅಜ್ಜಿ, ಸರಿಯಾಗಿ ಹಾಕ್ತಿದಾಳಾ ಅಂತ ಕೇಳ್ತಿದಾಳೆ."

ಶಾಂತಾದೇವಿ ಮುಚ್ಚಿದ ಕಣ್ಣು ತೆರೆಯಲಿಲ್ಲ.

"ಚೆನ್ನಾಗಿ ಹಾಕ್ತಾಳೆ ಅಂತ ಹೇಳು. ಕಿವಿ ಹಿಂದೆ ಮಾತ್ರ ಬಿಟ್ಬುಟ್ಟವ್ಳೆ."