ಬಹುಧಾನ್ಯ ಸಂವತ್ಸರದ ಡಿಕ್ರಿ

ಅಮ್ಮಯಮ್ಮನ ಲೆಕ್ಕದಲ್ಲಿ ಈ ಲೋಕದಲ್ಲಿದ್ದದ್ದು ಎರಡೇ ಬಗೆಯ ಜನ. ಒಂದು ದಡ್ಡರು, ಇನ್ನೊಂದು ಕಳ್ಳರು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಮೂವತ್ತನಾಲ್ಕು ವರ್ಷ ಒಂಟಿಯಾಗಿ ರಾಗಿ ಬೆಳೆದುಕೊಂಡು ಬದುಕಿದವಳಿಗೆ ಮೂರನೆಯ ಬಗೆಯವರು ಅಷ್ಟಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಮೈದುನ ವೆಂಕಟರಾಮಪ್ಪನನ್ನಂತೂ ಆಕೆ ಎರಡೂ ಗುಂಪಿಗೆ ಸೇರಿಸಿಬಿಟ್ಟಿದ್ದಳು. ಕಳ್ಳತನ ಮಾಡಲು ಬೇಕಾದ ಮನಸ್ಸು ಅವನಿಗೆ ದೇವರು ಕೊಟ್ಟಿದ್ದಾನೆ, ತಲೆ ಮಾತ್ರ ಕೊಟ್ಟಿಲ್ಲ ಎಂದು ಎದುರು ಮನೆಯ ಬೈರಮ್ಮನ ಹತ್ತಿರ ಎಷ್ಟೋ ಸಲ ಹೇಳಿದ್ದಳು.

ಎಪ್ಪತ್ತೆರಡನೆಯ ಇಸವಿಯ ಬೇಸಿಗೆಗೆ ಸರಿಯಾಗಿ ಆ ತಲೆಯಿಲ್ಲದವನು ಅವಳ ಹೊಲಕ್ಕೇ ಕೈಹಾಕಿದ. ಕುಂದಾಣಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿದ್ದ ಒಂದೂಕಾಲು ಎಕರೆ ಅದು. ಗಂಡ ಸತ್ತ ವರ್ಷ ಅವಳ ಅಪ್ಪ ಪಿಳ್ಳಪ್ಪ ಬೂದಿಗೆರೆಯಿಂದ ಬಂದು, ಮಗಳ ಗಂಡನ ಮನೆಯವರ ಮೇಲೆ ದಾವಾ ಹೂಡಿಸಿ, ಜೀವನಾಂಶಕ್ಕೆಂದು ಆ ಹೊಲವನ್ನು ಕೊಡಿಸಿಹೋಗಿದ್ದ. ಅವಳು ಇರುವತನಕ ಬೆಳೆ ಅವಳದು, ಆ ಮನೆಯವರು ಯಾರೂ ಅದನ್ನು ಮಾರಕೂಡದು ಎಂದು ಮುನ್ಸೀಫ್ ಕೋರ್ಟಿನ ಡಿಕ್ರಿ ಆಗಿತ್ತು. ಖಾತೆ ಮಾತ್ರ ಗಂಡನ ಮನೆಯ ಹೆಸರಲ್ಲೇ ಉಳಿದಿತ್ತು. ಈಗ ಬೆಂಗಳೂರಿನ ಒಬ್ಬ ಸಾಹುಕಾರನಿಗೆ ದ್ರಾಕ್ಷಿ ತೋಟ ಮಾಡುವ ಹುಚ್ಚು ಹಿಡಿದಿತ್ತು. ಹೊಲ ಅವನಿಗೇ ಮಾರುವುದು, ಬರುವ ಸೋಮವಾರ ಅವನು ಊರಿಗೆ ಬರುತ್ತಾನೆ, ಅಂದೇ ರಿಜಿಸ್ಟ್ರಿ ಎಂದು ವೆಂಕಟರಾಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ.

"ಕೋರ್ಟಲ್ಲಿ ಆಗೈತಲ್ಲೋ!" ಎಂದು ಅಮ್ಮಯಮ್ಮ ಬಾಯಿ ಮಾಡಿದಾಗ ಅವನು ಹಲ್ಲು ಕಿರಿದು, "ಕಾಗ್ದ ಇದ್ರೆ ತೋರ್ಸು" ಅಂದಿದ್ದ.

ಕಾಗದ ಇರಲಿಲ್ಲ. ಮನೆಯಲ್ಲಿಟ್ಟರೆ ಗೆದ್ದಲು ಹಿಡಿಯುತ್ತದೆಂದು ಅಪ್ಪ ಅದನ್ನು ವಕೀಲರ ಹತ್ತಿರವೇ ಬಿಟ್ಟಿದ್ದ. ವಕೀಲರು ಸತ್ತರು. ಅವರ ಮಗ, ಬಿ.ಎ. ಓದಿದ ಘನ ಪಂಡಿತ, ಬೀರುವಿನಲ್ಲಿದ್ದ ಹಳೆಯ ಕಾಗದವನ್ನೆಲ್ಲ ಕಡಲೆಕಾಯಿ ಮಾರುವವನಿಗೆ ತೂಕಕ್ಕೆ ಹಾಕಿಬಿಟ್ಟಿದ್ದ. ತನ್ನ ಡಿಕ್ರಿಯಲ್ಲಿ ಯಾವ ಪುಣ್ಯಾತ್ಮ ಕಡಲೆಕಾಯಿ ತಿಂದನೋ ಎಂದು ಅಮ್ಮಯಮ್ಮ ಅವನ ಮುಖಕ್ಕೇ ಕೇಳಿ ಬಂದಿದ್ದಳು.

ಬುಧವಾರ ಅವಳು ಪೇಟೆಗೆ ಹೋದಳು. ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ನರಸಿಂಹಯ್ಯ ಎಂಬ ಮುದುಕ ಅರ್ಜಿ ಬರೆದುಕೊಡುತ್ತಿದ್ದ. ಅವನು ಕನ್ನಡಕದ ಮೇಲಿಂದ ನೋಡಿ, ಡಿಕ್ರಿಯ ನಕಲಿಗೆ ಅರ್ಜಿ ಹಾಕಬಹುದು, ಕೋರ್ಟಿನವರು ಡಿಕ್ರಿಯನ್ನು ಎಷ್ಟು ವರ್ಷವಾದರೂ ಇಟ್ಟಿರುತ್ತಾರೆ, ನಕಲು ತೋರಿಸಿದರೆ ಕೊಳ್ಳುವವನೇ ಎದ್ದುಬಿದ್ದು ಓಡುತ್ತಾನೆ ಎಂದು ಧೈರ್ಯ ಹೇಳಿದ.

"ದಾವಾ ನಂಬರು ಹೇಳಮ್ಮ."

"ನಂಬ್ರು ಗೊತ್ತಿದ್ದಿದ್ರೆ ನಿಮ್ಮ ಹತ್ರ ಯಾಕ್ ಕೂತ್ಕೋತಿದ್ದೆ ಸ್ವಾಮಿ?"

"ಹೋಗ್ಲಿ, ಯಾವ ಇಸವಿ?"

"ಬಹುಧಾನ್ಯ ಸಂವತ್ಸರ. ಹೆಸರಿಗೆ ಬಹುಧಾನ್ಯ. ನಮ್ಮನೇಲಿ ಒಂದು ಕಾಳು ಇರ್ಲಿಲ್ಲ."

ನರಸಿಂಹಯ್ಯ ಬೆರಳು ಮಡಿಸಿ ಹಿಂದಕ್ಕೆ ಎಣಿಸಿ, ಮೂವತ್ತೆಂಟು, ಇಲ್ಲವೇ ಮೂವತ್ತೊಂಬತ್ತರ ಶುರು ಎಂದು ಬರೆದ. ವಾದಿಯ ಹೆಸರು ಅಮ್ಮಯಮ್ಮ ಎಂದು ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ ಒಳಗೆ ಕಳಿಸಿದ.

ನಕಲು ಗುಮಾಸ್ತ ಆಂಜಿನಪ್ಪನಿಗೆ ಮೂವತ್ತು ದಾಟಿರಲಿಲ್ಲ, ಆದರೆ ನಿಟ್ಟುಸಿರು ಬಿಡುವುದರಲ್ಲಿ ತೊಂಬತ್ತಾಗಿತ್ತು. ಅರ್ಜಿ ನೋಡಿ ಒಂದು ನಿಟ್ಟುಸಿರು, ನಂಬರಿಲ್ಲ ಎಂದು ಇನ್ನೊಂದು, ಕುರ್ಚಿಯಿಂದ ಏಳುವಾಗ ಮತ್ತೊಂದು. ಸರ್ಕಾರ ಇವನಿಗೆ ಸಂಬಳ ಕೊಡುವುದು ಉಸಿರು ಬಿಡುವುದಕ್ಕೇ ಇರಬೇಕು ಎಂದುಕೊಂಡು ಅಮ್ಮಯಮ್ಮ ಜಗಲಿಯ ಮೇಲೆ ಕೂತಳು. ಅವಳ ಸುತ್ತ ಹತ್ತಾರು ಜನ ಗಂಡಸರು ಬೀಡಿ ಸೇದುತ್ತ, ಜನ್ಮಜನ್ಮಾಂತರದ ಬದುವಿನ ಜಗಳಗಳನ್ನು ಹೇಳಿಕೊಳ್ಳುತ್ತ ಕೂತಿದ್ದರು. ಒಂದು ಮೊಳ ಬದುವಿಗೆ ಎರಡು ತಲೆಮಾರು ಕೋರ್ಟಿಗೆ ಅಲೆಯುವ ಈ ಶೂರರಿಗೆ ಮನೆಯಲ್ಲಿ ಹೆಂಡತಿಯರು ಉಣ್ಣಲು ಇಕ್ಕುವುದೇ ತಪ್ಪು ಎನಿಸಿತು ಅವಳಿಗೆ.

ಮಧ್ಯಾಹ್ನ ಇಳಿದ ಮೇಲೆ ಗುಮಾಸ್ತ ದೂಳು ಮೆತ್ತಿದ ಎರಡು ದಪ್ಪ ರಿಜಿಸ್ಟರುಗಳನ್ನು ತಂದು ಮೇಜಿನ ಮೇಲೆ ಹಾಕಿದ.

"ಎರಡು ವರ್ಷದ್ದೂ ನೋಡ್ದೆ. ಅಮ್ಮಯಮ್ಮ ಅಂತ ಯಾವ ವಾದಿನೂ ಇಲ್ಲ."

"ಸರ್ಯಾಗ್ ನೋಡಿ ಸ್ವಾಮಿ. ಕಣ್ಣು ತೆರ್ಕೊಂಡು ನೋಡಿ."

"ತೆರ್ದೇ ನೋಡಿದ್ದು. ನಿಮ್ಮೂರಿಂದ ಆ ಕಾಲಕ್ಕೆ ಬಂದಿರೋದೇ ಒಂದು ದಾವಾ. ಮುತ್ತಮ್ಮ ವಾದಿ. ವೆಂಕಟರಾಮಪ್ಪ ಮತ್ತಿತರರು ಪ್ರತಿವಾದಿಗಳು. ಇಷ್ಟೇ ಇರೋದು ರಿಜಿಸ್ಟರಲ್ಲಿ. ಇದಾ ನೋಡಿ, ಇದರ ಕಾಗ್ದದ ಕಟ್ಟು ತೆಗೆಸ್ಲಾ?"

ಅಮ್ಮಯಮ್ಮನಿಗೆ ನಗು ತಡೆಯಲಾಗಲಿಲ್ಲ. ಮುತ್ತಮ್ಮ ಅವಳ ಅತ್ತೆಯ ಹೆಸರು. ಊರಿನಲ್ಲಿ ಜಗಳವಿಲ್ಲದ ದಿನ ಕಾಗೆಯ ಜೊತೆಗಾದರೂ ಜಗಳ ತೆಗೆಯುತ್ತಿದ್ದ ಹೆಂಗಸು.

"ಅಯ್ಯೋ ಶಿವನೇ, ಹೆತ್ತ ಮಗನ ಮೇಲೇ ಕೇಸು ಹಾಕಿದ್ಲಾ ಮಹಾತಾಯಿ! ನಂಗೊಂದು ಮಾತು ಗೊತ್ತಾಗ್ಲಿಲ್ವಲ್ಲ. ಅದ್ನ ಕಟ್ಕೊಂಡು ನಾನೇನ್ ಮಾಡ್ಲಿ? ನನ್ನದು ಹುಡುಕಿ."

ಗುಮಾಸ್ತ ಅರ್ಜಿಯ ಮೇಲೆ 'ದಾಖಲೆ ಸಿಕ್ಕಿರುವುದಿಲ್ಲ' ಎಂದು ಬರೆದು ವಾಪಸು ಕೊಟ್ಟ. ಅಮ್ಮಯಮ್ಮ ಅವನಿಗೂ ಅವನ ರಿಜಿಸ್ಟರಿಗೂ ನಾಲ್ಕು ಮಾತು ಅಂದು ಬಸ್ಸು ಹತ್ತಿದಳು. ಹೊಲ ಕೈಬಿಟ್ಟು ಹೋಗುತ್ತಿದೆ ಎಂಬ ಭಯವಿತ್ತು, ನಿಜ. ಆದರೆ ಅತ್ತೆ ಮಗನನ್ನು ಕೋರ್ಟಿಗೆ ಎಳೆದಿದ್ದಳೆಂಬ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರುವ ಹೆಂಗಸಲ್ಲ ಅವಳು. ಊರಿಗೆ ಬಂದವಳೇ ಬಾವಿಕಟ್ಟೆಯಲ್ಲಿ ಬೈರಮ್ಮನಿಗೆ ಹೇಳುವ ನೆಪದಲ್ಲಿ, ಪಕ್ಕದ ಹಿತ್ತಲಲ್ಲಿ ಎಮ್ಮೆ ಕಟ್ಟುತ್ತಿದ್ದ ವೆಂಕಟರಾಮಪ್ಪನಿಗೆ ಕೇಳುವಂತೆ ಎಲ್ಲವನ್ನೂ ಹೇಳಿದಳು.

"ಕೋರ್ಟಿನ ಬುಕ್ಕಲ್ಲೇ ಐತೆ ಕಣೇ. ಮುತ್ತಮ್ಮ ವಾದಿ, ವೆಂಕಟರಾಮಪ್ಪ ಪ್ರತಿವಾದಿ. ಹೆತ್ತೋಳೇ ಉಗ್ದಿದ್ದಾಳೆ ಇವನ್ ಮುಖಕ್ಕೆ!"

ಅವನು ಹಗ್ಗ ಬಿಸಾಕಿ ಕೂಗಾಡಿಕೊಂಡು ಬರುತ್ತಾನೆಂದು ಕಾದಳು. ತಾಯಿಯ ಹೆಸರೆತ್ತಿದರೆ ಉರಿದುಬೀಳುವ ಮನುಷ್ಯ ಅವನು. ಆದರೆ ವೆಂಕಟರಾಮಪ್ಪ ಬೇಲಿಯ ಹತ್ತಿರ ಬಂದು ಮೆತ್ತಗೆ, "ಯಾವ ವರ್ಷದ್ದಂತೆ ಅತ್ತಿಗಮ್ಮ ಅದು? ನಕಲೇನಾದ್ರೂ ತಗೊಂಡ್ರಾ?" ಎಂದ.

"ನಂಗ್ಯಾಕಪ್ಪಾ ನಿಮ್ಮವ್ವನ ಪುರಾಣ!"

"ಅದೂ ಸರಿ ಬಿಡಿ," ಎಂದು ಅವನು ಒಳಗೆ ಹೋದ.

ಸಂಜೆ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಾಗ ಆ 'ಬಿಡಿ' ಅವಳ ತಲೆಯಲ್ಲಿ ಕೊರೆಯತೊಡಗಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಬಹುವಚನ ಕೊಡದವನು ಈ ದಿನ ಯಾಕೆ ಕೊಟ್ಟ? ಅವನ ಅವ್ವನಿಗೆ ಮಗನ ಮೇಲೆ ಕೇಸು ಹಾಕುವ ಅಗತ್ಯವಾದರೂ ಏನಿತ್ತು? ಇಡೀ ಮನೆ ಅವಳ ಸೆರಗಿನ ಗಂಟಿನಲ್ಲಿತ್ತು. ಬಹುಧಾನ್ಯದಲ್ಲಿ ಆ ಮನೆಯಿಂದ ಕೋರ್ಟಿಗೆ ಹೋಗಿದ್ದು ಒಬ್ಬಳೇ, ಅದು ತಾನು.

ಮುದ್ದೆಕೋಲು ಕೈಯಲ್ಲೇ ನಿಂತಿತು. ಅವಳಿಗೂ ಅಪ್ಪ ಇಟ್ಟ ಹೆಸರು ಮುತ್ತಮ್ಮ.

ಮದುವೆಯಾಗಿ ಬಂದ ಮೂರನೆಯ ದಿನವೇ ಆ ಹೆಸರನ್ನು ತೆಗೆದುಹಾಕಿದ್ದರು. ಅತ್ತೆಯದೂ ಅದೇ ಹೆಸರು. ಗಂಡನಾದವನು ಹೆಂಡತಿಯನ್ನು 'ಲೇ ಮುತ್ತೀ' ಎಂದು ಗದರಿದರೆ ಹೆತ್ತ ತಾಯಿಯನ್ನು ಗದರಿದ ಹಾಗೆ. ಅದಕ್ಕೆ ಬಾಯಿಗೊಂದು ಚೂರು ಬೆಲ್ಲ ಇಟ್ಟು, ಇನ್ನು ಮೇಲೆ ನೀನು ಅಮ್ಮಯಮ್ಮ ಎಂದಿದ್ದರು. ಅವಳು ಬೆಲ್ಲ ತಿಂದು ತಲೆಯಾಡಿಸಿದ್ದಳು. ಅತ್ತೆಯ ಹೆಸರು ಸೊಸೆ ಬಾಯಲ್ಲಿ ಆಡಬಾರದಾದ್ದರಿಂದ ತನ್ನ ಹೆಸರನ್ನು ತಾನೂ ಆಡಲಿಲ್ಲ. ಆ ಕಟ್ಟಳೆಗೆ ತಲೆಬಾಗದವನು ಅಪ್ಪ ಒಬ್ಬನೇ. ಕೋರ್ಟಿನಲ್ಲಿ ಮಗಳ ಹೆಸರೇನೆಂದು ಕೇಳಿದಾಗ ತಾನು ಇಟ್ಟ ಹೆಸರನ್ನೇ ಬರೆಸಿದ್ದ.

ಊರಿನ ದಡ್ಡರನ್ನೆಲ್ಲ ಎಣಿಸಿಟ್ಟಿದ್ದ ಅಮ್ಮಯಮ್ಮನಿಗೆ ಆ ಹೊತ್ತು ತನ್ನ ಮೇಲೇ ಹೇಸಿಗೆಯಾಯಿತು. ಗುಮಾಸ್ತ ಅವಳ ಹೊಲವನ್ನು ಅವಳ ಕೈಗೇ ನೀಡಿದ್ದ. ಬೇಡ ಎಂದು ತಳ್ಳಿ, ನಕ್ಕು, ಅದನ್ನು ಹೊತ್ತು ತಂದು ಕಳ್ಳನ ಹಿತ್ತಲಿಗೇ ಎಸೆದಿದ್ದಳು. ಅಂಥ ದಡ್ಡಿಯನ್ನು ಅವಳು ಹುಟ್ಟಿದಮೇಲೆ ಕಂಡಿರಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಹೋದರೆ ವೆಂಕಟರಾಮಪ್ಪ ಒಗೆದ ಪಂಚೆ ಉಟ್ಟು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವಳು ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು. ಪೇಟೆ ಬಂದೊಡನೆ ಅವನು ಧುಮುಕಿ ದಾಪುಗಾಲು ಹಾಕಿದ. ಅವಳ ಮಂಡಿ ಅವಳ ಮಾತು ಕೇಳುತ್ತಿರಲಿಲ್ಲ. ನಕಲು ಗುಮಾಸ್ತನ ಮೇಜು ಮುಟ್ಟುವಷ್ಟರಲ್ಲಿ ಅವನು ಅರ್ಜಿ ಬರೆಸಿ, ರುಜು ಹಾಕಿ, ಎದೆಯುಬ್ಬಿಸಿ ನಿಂತಿದ್ದ. ಅವನ ಅರ್ಜಿಯನ್ನೂ ಬರೆದುಕೊಟ್ಟಿದ್ದ ನರಸಿಂಹಯ್ಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ.

"ವಾದಿ ಮುತ್ತಮ್ಮ ಅಂದ್ರೆ ನಮ್ಮ ತಾಯಿ ಸ್ವಾಮಿ," ಎನ್ನುತ್ತಿದ್ದ ವೆಂಕಟರಾಮಪ್ಪ. "ಮುತ್ತಮ್ಮ ಹೋಗಿ ಹದಿನೈದು ವರ್ಷ ಆಯ್ತು. ವಾರಸುದಾರ ನಾನೊಬ್ನೇ. ನಕಲು ನಂಗೇ ಕೊಡಿ, ಬೇರೆ ಯಾರು ಬಂದು ಮುತ್ತಮ್ಮ ಮುತ್ತಮ್ಮ ಅಂದ್ರೂ ಕೊಡ್ಬೇಡಿ."

"ಅದು ನನ್ ಕೇಸು!" ಎಂದಳು ಅಮ್ಮಯಮ್ಮ ಏದುಸಿರು ಬಿಡುತ್ತ. "ಮುತ್ತಮ್ಮ ನಾನೇ!"

ಆಂಜಿನಪ್ಪ ಒಂದು ನಿಟ್ಟುಸಿರು ಬಿಟ್ಟ. "ನೆನ್ನೆ ಅಮ್ಮಯಮ್ಮ. ಇವತ್ತು ಮುತ್ತಮ್ಮ. ನಾಳೆ ಏನಮ್ಮಾ?"

ಜಗಲಿಯ ಬೀಡಿಯವರು ಹಲ್ಲು ಬಿಟ್ಟರು. ಗುಮಾಸ್ತ ದಾಖಲೆಯ ಕೋಣೆಗೆ ಹೋಗಿ ಕಟ್ಟು ತಂದು, ದಾರ ಬಿಚ್ಚಿ, ಡಿಕ್ರಿಯ ಹಾಳೆ ತೆಗೆದು ಮೂಗಿನಲ್ಲಿ ರಾಗ ಎಳೆಯುತ್ತ ಓದಿದ.

"ವಾದಿ, ಮುತ್ತಮ್ಮ, ಹದಿನೆಂಟು ವರ್ಷ, ಬೂದಿಗೆರೆ ಪಿಳ್ಳಪ್ಪನ ಮಗಳು, ದಿವಂಗತ ಅಪ್ಪಯ್ಯಣ್ಣನ ಹೆಂಡತಿ. ಒಂದನೇ ಪ್ರತಿವಾದಿ, ವೆಂಕಟರಾಮಪ್ಪ. ಎರಡನೇ ಪ್ರತಿವಾದಿ..." ಅವನು ನಿಲ್ಲಿಸಿದ. ಮೊದಲ ಸಲ ಅವನ ಮುಖದಲ್ಲಿ ಜೀವ ಬಂತು. "ಎರಡನೇ ಪ್ರತಿವಾದಿ, ಮುತ್ತಮ್ಮ, ನಲವತ್ತೈದು ವರ್ಷ, ಒಂದನೇ ಪ್ರತಿವಾದಿಯ ತಾಯಿ."

ಗುಮಾಸ್ತ ಹಾಳೆಯಿಂದ ತಲೆಯೆತ್ತಿದ.

"ಏನ್ರೀ ವೆಂಕಟರಾಮಪ್ಪ, ನಿಮ್ಮ ತಾಯಿ ತನ್ನ ಮೇಲೆ ತಾನೇ ದಾವಾ ಹಾಕ್ಕೊಂಡಿದ್ರಾ?"

ವೆಂಕಟರಾಮಪ್ಪ ಹಾಳೆಯತ್ತ ಬಗ್ಗಿ ನೋಡಿದ.

"ಈ ಅಪ್ಪಯ್ಯಣ್ಣ ನಿಮಗೇನಾಗ್ಬೇಕು?"

"ನಮ್ಮಣ್ಣ."

"ವಾದಿ ಅಪ್ಪಯ್ಯಣ್ಣನ ಹೆಂಡ್ತಿ. ನಿಮ್ಮ ತಾಯಿ ನಿಮ್ಮಣ್ಣನ ಹೆಂಡ್ತಿ ಏನ್ರೀ?"

ಜಗಲಿ ಪೂರ್ತಿ ಹೋ ಎಂದಿತು. ಬೀಡಿಯ ಶೂರನೊಬ್ಬನಿಗೆ ಹೊಗೆ ನೆತ್ತಿಗೇರಿ ಕೆಮ್ಮು ಹಿಡಿಯಿತು. ಹೊಲದ ಆಸೆಗೆ ಹೆತ್ತ ತಾಯಿಯನ್ನು ಅಣ್ಣನ ಹೆಂಡತಿ ಮಾಡಿ ಬರೆದುಕೊಟ್ಟ ಮಹಾನುಭಾವ ಕೆಂಪಾಗಿ ನೆಲ ನೋಡುತ್ತ ನಿಂತ. ಗುಮಾಸ್ತ ಅವನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಕೋರ್ಟಿಗೆ ಸುಳ್ಳು ಬರ್ಕೊಟ್ಟಿದ್ದೀರಿ, ಕೆಳಗೆ ರುಜು ಬೇರೆ. ಇದನ್ನ ಮುನ್ಸೀಫರ ಮುಂದೆ ಇಡ್ಲಾ? ಇಲ್ಲ, ಈಕೆ ಅರ್ಜಿ ಹಾಕ್ತಾರೆ, ವಾದಿ ಮುತ್ತಮ್ಮ ಇವರೇ ಅಂತ ಗುರ್ತು ಹೇಳಿ ಸಾಕ್ಷಿ ಹಾಕ್ತೀರಾ?"

ನರಸಿಂಹಯ್ಯ ಆಗಲೇ ಹೊಸ ಅರ್ಜಿ ಹಿಡಿದು ಒಳಗೆ ಬಂದಿದ್ದ. ಅಮ್ಮಯಮ್ಮ ಹೆಬ್ಬೆಟ್ಟು ಒತ್ತಿದಳು. ಕೆಳಗೆ ವೆಂಕಟರಾಮಪ್ಪ ರುಜು ಹಾಕಿದ. ಅಮ್ಮಯಮ್ಮನೆಂದು ಕರೆಸಿಕೊಳ್ಳುವ ಈಕೆಯೇ ವಾದಿ ಮುತ್ತಮ್ಮ, ನನ್ನ ಅಣ್ಣನ ಹೆಂಡತಿ ಎಂದು ಬಿಡಿಸಿ ಬರೆಸಿದ ಮೇಲೆಯೇ ನರಸಿಂಹಯ್ಯ ಕಾಗದ ಬಿಟ್ಟಿದ್ದು. ತುರ್ತು ನಕಲು, ಶನಿವಾರ ಬನ್ನಿ ಎಂದ ಗುಮಾಸ್ತ.

ಹೊರಗೆ ಬಂದಾಗ ಅವಳಿಗೆ ಹೊಲ ಉಳಿದ ಸಂತೋಷಕ್ಕೋ, ಇಷ್ಟು ವರ್ಷ ಅಪ್ಪನ ಬಾಯಿಯ ಹೆಸರನ್ನು ಮರೆತಿದ್ದ ಅವಮಾನಕ್ಕೋ, ಅಳು ಬಂತು. ಇಷ್ಟೊಂದು ಬೀಡಿಗಳ ಮುಂದೆ ಅಳುವುದು ಬೇಡವೆಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ವೆಂಕಟರಾಮಪ್ಪ ಹಿಂದೆಯೇ ಬಂದ. ಊರಿಗೆ ಇನ್ನೊಂದು ಬಸ್ಸಿರಲಿಲ್ಲ.

"ಅತ್ತಿಗಮ್ಮ, ಸಾಹುಕಾರ್ರಿಗೆ ನಾನೇ ಏನಾದ್ರೂ ನೆಪ ಹೇಳಿ ಕಳಿಸ್ಬಿಡ್ತೀನಿ. ನೀವು ನಕಲು ಅವ್ರ ಮುಂದೆ ಹಿಡೀಬೇಡಿ. ಇಲ್ಲಿ ನಡೆದಿದ್ದು ಊರಲ್ಲಿ ಆಡ್ಬೇಡಿ. ನಾನು ತಲೆ ಎತ್ಕೊಂಡು ಓಡಾಡ್ಬೇಕು."

"ಯಾರನ್ನ ಕೇಳ್ತಿದ್ದೀಯಾ?"

"ನಿಮ್ಮನ್ನೇ ಅತ್ತಿಗಮ್ಮ."

"ನಂಗೊಂದು ಹೆಸರೈತೆ. ಬೆಳಗ್ಗೆ ಗುಮಾಸ್ತನ ಮುಂದೆ ಬಾಯ್ತುಂಬ ಹೇಳ್ತಿದ್ದೆ. ಈಗ ನನ್ ಮುಖ ನೋಡ್ಕೊಂಡು ಒಂದ್ಸಲ ಆ ಹೆಸರು ಹಿಡಿದು ಕರಿ. ನಕಲು ಪೆಟ್ಟಿಗೇಲಿ ಇಡ್ತೀನಿ, ಬಾಯೂ ಮುಚ್ಕೋತೀನಿ."

ವೆಂಕಟರಾಮಪ್ಪ ಆ ಕಡೆ ಈ ಕಡೆ ನೋಡಿದ. ಹೊಲಕ್ಕಾಗಿ ಸಲೀಸಾಗಿ ಬಂದಿದ್ದ ಹೆಸರು ಈಗ ತುಟಿಯವರೆಗೆ ಬಂದು ನಿಂತಿತು. ತಾಯಿಯ ಹೆಸರನ್ನು ಈ ಹೆಂಗಸಿಗೆ ಹೇಗೆ ಕೊಡುವುದು?

ಬಸ್ಸು ಬಂತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಅವನು ಹೆಸರು ಹಿಡಿಯದೆ ಹಿಂದಿನ ಬಾಗಿಲಿನ ಕಡೆ ಸರಿದ. ಮುತ್ತಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಸೋಮವಾರ ಸಾಹುಕಾರ ಬಂದಾಗ ನಕಲನ್ನು ಅವನ ಕೈಗೇ ಕೊಟ್ಟು, ಊರವರೆಲ್ಲ ಕೇಳುವಂತೆ ಓದಿಸುವುದೆಂದು ತೀರ್ಮಾನ ಮಾಡಿದಳು.